ಬಟಾಣಿ ಎಲೆ ಇಟ್ಟು ಜೀನೋಮ್ ಅಳೆದ ದಿನ

18 ಫೆಬ್ರವರಿ 2025, ಮಂಗಳವಾರ

ಇವತ್ತು ಪೂರ್ತಿ ಫ್ಲೋ ಸೈಟೊಮೀಟರ್, ಅಂದರೆ ಲೇಸರ್ ಹಾಯಿಸಿ ಕಣಗಳ ಹೊಳಪು ಅಳೆಯುವ ಯಂತ್ರದ ಮುಂದೆಯೇ ಕಳೆಯಿತು. ಒಂದು ಜರೀಗಿಡದ ಜೀನೋಮ್, ಅಂದರೆ ಅದರ ಡಿಎನ್‌ಎಯ ಒಂದು ಪೂರ್ತಿ ಪ್ರತಿ, ಎಷ್ಟು ದೊಡ್ಡದು ಅಂತ ಅಳೆಯಬೇಕಿತ್ತು. ಸಂಖ್ಯೆ ಸಿಕ್ಕಿದೆ. ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಅನ್ನುವ ಯೋಚನೆ ಮಾತ್ರ ಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಶುರುವಾಗುವುದು ಬ್ಲೇಡಿನಿಂದ. ಎಳೆ ಎಲೆಯ ಒಂದು ಚೂರು, ಅದರ ಪಕ್ಕದಲ್ಲೇ ಬಟಾಣಿ ಎಲೆಯ ಒಂದು ಚೂರು. ಎರಡನ್ನೂ ಪೆಟ್ರಿ ತಟ್ಟೆಯಲ್ಲಿಟ್ಟು, ತಣ್ಣನೆಯ ಬಫರ್ ದ್ರಾವಣ ಹಾಕಿ, ಹೊಸ ಬ್ಲೇಡಿನಿಂದ ಒಟ್ಟಿಗೇ ಸಣ್ಣಗೆ ಹೆಚ್ಚಬೇಕು. ಜೀವಕೋಶಗಳು ಒಡೆದು ಕೋಶಕೇಂದ್ರಗಳು ಹೊರಗೆ ಬರುತ್ತವೆ. ಸೋಸಿ, ಪ್ರೊಪಿಡಿಯಂ ಅಯೋಡೈಡ್ ಅನ್ನುವ ಬಣ್ಣ ಸೇರಿಸುತ್ತೇವೆ. ಅದು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆರ್‌ಎನ್‌ಎಗೂ ಅಂಟಿಕೊಳ್ಳುವುದರಿಂದ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವವನ್ನೂ ಹಾಕಲೇಬೇಕು. ಆಮೇಲೆ ಕೋಶಕೇಂದ್ರಗಳು ಒಂದೊಂದಾಗಿ ಲೇಸರ್ ಮುಂದೆ ಹಾದುಹೋಗುತ್ತವೆ. ಡಿಎನ್‌ಎ ಜಾಸ್ತಿ ಇದ್ದರೆ ಹೊಳಪೂ ಜಾಸ್ತಿ. ಹೀಗೆ ಎಲೆಯನ್ನು ಹೆಚ್ಚಿ ಅಳೆಯುವ ಉಪಾಯವನ್ನು ಡೇವಿಡ್ ಗಾಲ್‌ಬ್ರೈತ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದರು. ಇಷ್ಟು ವರ್ಷವಾದರೂ ಬ್ಲೇಡ್ ಬದಲಾಗಿಲ್ಲ.

ಆದರೆ ಯಂತ್ರಕ್ಕೆ ಗೊತ್ತಿರುವುದು ಹೊಳಪು ಮಾತ್ರ. ಡಿಎನ್‌ಎ ಇಷ್ಟಿದೆ ಅಂತ ಅದು ಹೇಳುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ತೂಕದ ಕಲ್ಲು ಇಡದೆ ಇನ್ನೊಂದರಲ್ಲಿ ಏನಿಟ್ಟರೂ ತೂಕ ತಿಳಿಯುವುದಿಲ್ಲ ಅಲ್ವಾ, ಇದೂ ಹಾಗೇ. ಇಂಥ ತೂಕದ ಕಲ್ಲಿಗೆ ನಾವು ಸ್ಟ್ಯಾಂಡರ್ಡ್ ಅನ್ನುತ್ತೇವೆ. ನನ್ನದು 'ಸ್ಟಿರಾಡ್' ತಳಿಯ ಬಟಾಣಿ. ಅದರ ಒಂದು ಕೋಶಕೇಂದ್ರದಲ್ಲಿ 9.09 ಪಿಕೋಗ್ರಾಂ (ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಗ್ರಾಂ) ಡಿಎನ್‌ಎ ಇದೆ ಅಂತ ಎಲ್ಲರೂ ಒಪ್ಪಿಕೊಂಡು ನಡೆಯುತ್ತೇವೆ. ಇವತ್ತು ಯಂತ್ರ ಬರೆದ ಹೊಳಪಿನ ನಕ್ಷೆಯಲ್ಲಿ ಬಟಾಣಿಯ ಶಿಖರ 200ರ ಹತ್ತಿರ ಬಂತು, ಜರೀಗಿಡದ್ದು 300ರ ಹತ್ತಿರ. ಅಂದರೆ ಒಂದೂವರೆ ಪಟ್ಟು, ಸುಮಾರು 13.6 ಪಿಕೋಗ್ರಾಂ. ಇದು ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳ ಲೆಕ್ಕ. ಅರ್ಧ ಮಾಡಿದರೆ 6.8. ಒಂದು ಪಿಕೋಗ್ರಾಂ ಅಂದರೆ 97.8 ಕೋಟಿ ಬೇಸ್ ಜೋಡಿ, ಅಂದರೆ ಡಿಎನ್‌ಎಯ ಅಕ್ಷರಗಳು. ಹಾಗಾಗಿ ಈ ಜರೀಗಿಡದ ಜೀನೋಮ್ ಸುಮಾರು 667 ಕೋಟಿ. ಮನುಷ್ಯರದ್ದು 310 ಕೋಟಿಯ ಆಸುಪಾಸು.

ಈಗ ಯೋಚಿಸಿ. ಆ 9.09 ಸ್ವಲ್ಪ ಹೆಚ್ಚುಕಮ್ಮಿಯಾದರೆ, ಅದನ್ನಿಟ್ಟು ಅಳೆದ ಎಲ್ಲ ಗಿಡಗಳ ಲೆಕ್ಕವೂ ಅಷ್ಟೇ ಅತ್ತಿತ್ತ ಆಗುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಪ್ರಯೋಗಾಲಯಗಳಲ್ಲಿ ತುಂಬಾ ಬಳಸುವ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದ ವಿಷಯದಲ್ಲಿ ಇಂಥದ್ದೇ ಆಯಿತು. ಪೂರ್ತಿ ಜೀನೋಮ್ ಓದಿದ ಮೊದಲ ಗಿಡ ಅದು. 2000ದಲ್ಲಿ ಅದರ ಗಾತ್ರ 12.5 ಕೋಟಿ ಅಂತ ಪ್ರಕಟವಾಯಿತು. ಓದಿ ಮುಗಿಸಿದ ಜೀನೋಮ್‌ಗಿಂತ ಒಳ್ಳೆಯ ಸ್ಟ್ಯಾಂಡರ್ಡ್ ಯಾವುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ 2003ರಲ್ಲಿ ಮೈಕೆಲ್ ಬೆನೆಟ್ ಮತ್ತು ಜೊತೆಗಾರರು ಸುಮಾರು 10 ಕೋಟಿಯ ಸಿ. ಎಲಿಗನ್ಸ್ ಹುಳುವಿನ ಜೊತೆ ಇಟ್ಟು ಅಳೆದಾಗ ಅದು 15.7 ಕೋಟಿ ಬಂತು. ವರ್ಣತಂತುವಿನ ನಡುಭಾಗದಂಥ ಕಡೆ ಒಂದೇ ಅಕ್ಷರಸಾಲು ಸಾವಿರಾರು ಸಲ ಮರುಕಳಿಸುತ್ತದೆ. ಆ ಭಾಗಗಳನ್ನು ಆಗ ಜೋಡಿಸಲು ಆಗಿರಲಿಲ್ಲ. ಈಗ ಸಾಮಾನ್ಯವಾಗಿ ಹೇಳುವುದು 13.5 ಕೋಟಿಯ ಹತ್ತಿರ. ಒಂದೇ ಗಿಡ, ಮೂರು ಸಂಖ್ಯೆ. ಜೋಡಿಸಿದ್ದು ಬೇರೆ, ಅಳೆದದ್ದು ಬೇರೆ. ಪ್ರಬಂಧಗಳಲ್ಲಿ ಇವೆರಡನ್ನೂ ಒಂದೇ ಕಾಲಮ್ಮಿನಲ್ಲಿ ತುಂಬಿಸಿರುವುದನ್ನು ನೋಡಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಪ್ರಾಣಿಗಳಲ್ಲಿ ಕೋಳಿಯ ರಕ್ತ ಬಟಾಣಿಯ ಜಾಗದಲ್ಲಿರುತ್ತದೆ. ಹಕ್ಕಿಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇರುತ್ತದೆ, ಸಸ್ತನಿಗಳದ್ದರಲ್ಲಿ ಇರುವುದಿಲ್ಲ. ಯಂತ್ರವೇ ಇಲ್ಲದಿದ್ದರೆ ಫಾಯ್ಲ್‌ಗೆನ್ ವಿಧಾನ ಇದೆ. ಅದು 1924ರದ್ದು. ಆಮ್ಲ ಹಾಕಿ, ಷಿಫ್ ದ್ರಾವಣದಲ್ಲಿ ಅದ್ದಿದರೆ ಡಿಎನ್‌ಎ ಗಾಢ ಗುಲಾಬಿಯಾಗುತ್ತದೆ. ಆ ಬಣ್ಣ ಎಷ್ಟು ದಟ್ಟ ಅಂತ ಮೈಕ್ರೋಸ್ಕೋಪಿನಲ್ಲಿ ಅಳೆಯುತ್ತಾರೆ. ಅಲ್ಲೂ ಪಕ್ಕದಲ್ಲಿ ಸ್ಟ್ಯಾಂಡರ್ಡ್ ಬೇಕೇ ಬೇಕು.

ಮಧ್ಯಾಹ್ನ ಕಾಟ ಕೊಟ್ಟದ್ದು ಇನ್ನೊಂದು ಗಿಡದ ಎಲೆ. ಹೆಚ್ಚಿದ ಕೂಡಲೇ ಬಫರ್ ಕಂದು ಬಣ್ಣಕ್ಕೆ ತಿರುಗಿತು. ಎಲೆಯಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಬಣ್ಣ ಡಿಎನ್‌ಎಗೆ ಸರಿಯಾಗಿ ಅಂಟದಂತೆ ಮಾಡುತ್ತವೆ. ಆಗ ಜೀನೋಮ್ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಬಟಾಣಿಯನ್ನು ಬೇರೆಯಾಗಿ ಓಡಿಸಿದರೆ ಇದು ಗೊತ್ತೇ ಆಗುವುದಿಲ್ಲ. ಒಟ್ಟಿಗೇ ಹೆಚ್ಚಿದ್ದರಿಂದ ಬಟಾಣಿಯ ಶಿಖರವೂ ಕೆಳಗೆ ಜಾರಿದ್ದು ಕಂಡಿತು. ಆ ಓಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಂಪ್ಯೂಟರಿನಲ್ಲಿ ಮಾಡುವ ಇನ್ನೊಂದು ದಾರಿಯೂ ಇದೆ. ಸೀಕ್ವೆನ್ಸಿಂಗ್‌ನಿಂದ, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಓದುವುದರಿಂದ, ಬಂದ ತುಣುಕುಗಳನ್ನು 21 ಅಕ್ಷರಗಳ ಚೂರು ಮಾಡಿ, ಯಾವ ಚೂರು ಎಷ್ಟು ಸಲ ಬಂದಿದೆ ಅಂತ ಎಣಿಸುವುದು. ಹೆಚ್ಚಿನ ಚೂರುಗಳು 40 ಸಲ ಬಂದಿದ್ದರೆ, ಒಟ್ಟು ಚೂರುಗಳನ್ನು 40ರಿಂದ ಭಾಗಿಸಿದರೆ ಜೀನೋಮ್ ಗಾತ್ರ ಸಿಗುತ್ತದೆ. ಇಲ್ಲಿ ಪಕ್ಕದಲ್ಲಿ ಬಟಾಣಿ ಬೇಡ, ಅದೊಂದು ದೊಡ್ಡ ಅನುಕೂಲ. ತೊಂದರೆಗಳು ಬೇರೆ ಥರ. ತಾಯಿಯಿಂದ ಬಂದ ಪ್ರತಿಗೂ ತಂದೆಯಿಂದ ಬಂದ ಪ್ರತಿಗೂ ವ್ಯತ್ಯಾಸ ಜಾಸ್ತಿ ಇದ್ದರೆ 20ರಲ್ಲೊಂದು, 40ರಲ್ಲೊಂದು, ಹೀಗೆ ಎರಡು ಶಿಖರ ಬರುತ್ತವೆ. 40ರ ಬದಲು 20ರದ್ದನ್ನು ಹಿಡಿದರೆ ಜೀನೋಮ್ ಎರಡು ಪಟ್ಟಾಗುತ್ತದೆ. ಎಲೆಯ ಡಿಎನ್‌ಎಯಲ್ಲಿ ಕ್ಲೋರೋಪ್ಲಾಸ್ಟ್‌ದೂ (ಕೋಶದ ಹಸಿರು ಕಣಗಳದ್ದು) ರಾಶಿ ಇರುತ್ತದೆ. ಅದನ್ನು ಬಿಡಲು ತುಂಬಾ ಸಲ ಬಂದ ಚೂರುಗಳನ್ನು ತೆಗೆದುಹಾಕಿದರೆ, ಜೀನೋಮಿನದೇ ಮರುಕಳಿಕೆಗಳೂ ಅದರ ಜೊತೆ ಹೋಗಿಬಿಡುತ್ತವೆ. ದೊಡ್ಡ ಜೀನೋಮ್‌ಗಳಿಗೆ ಇದರಿಂದಲೇ ಅನ್ಯಾಯವಾಗುತ್ತದೆ, ಯಾಕೆಂದರೆ ಅವು ದೊಡ್ಡದಾಗಿರುವುದೇ ಮರುಕಳಿಕೆಗಳಿಂದ. ಮೆಕ್ಕೆಜೋಳದ ಜೀನೋಮಿನಲ್ಲಿ ಸುಮಾರು ಶೇಕಡಾ 85 ಭಾಗ ಜಿಗಿಯುವ ಜೀನ್‌ಗಳದ್ದು, ಅಂದರೆ ಜೀನೋಮಿನಲ್ಲಿ ಜಾಗ ಬದಲಿಸುತ್ತಾ ಹರಡಿಕೊಂಡು ಮರುಕಳಿಸುವ ತುಣುಕುಗಳದ್ದು.

ಜೀವಿ ಎಷ್ಟು ಜಟಿಲ ಅನ್ನುವುದಕ್ಕೂ ಜೀನೋಮ್ ಎಷ್ಟು ದೊಡ್ಡದು ಅನ್ನುವುದಕ್ಕೂ ಸಂಬಂಧವಿಲ್ಲ ಅಂತ ವಿಜ್ಞಾನಿಗಳು ಒಪ್ಪಿಕೊಂಡು ಎಷ್ಟೋ ಕಾಲವಾಯಿತು. ಈರುಳ್ಳಿಯದ್ದು 1,600 ಕೋಟಿ, ನಮ್ಮ ಐದು ಪಟ್ಟು. 2024ರಲ್ಲಿ ಅತಿ ದೊಡ್ಡ ಜೀನೋಮಿನ ದಾಖಲೆ ಮಾಡಿದ್ದೂ ಒಂದು ಜರೀಗಿಡವೇ. ನ್ಯೂ ಕ್ಯಾಲೆಡೋನಿಯಾದ ಟ್ಮೆಸಿಪ್ಟೆರಿಸ್ ಒಬ್ಲಾನ್ಸಿಯೊಲೇಟಾ, 16,000 ಕೋಟಿ. ಅದೂ ಹೀಗೇ ಎಲೆ ಹೆಚ್ಚಿ, ಸ್ಟ್ಯಾಂಡರ್ಡ್ ಜೊತೆ ಅಳೆದದ್ದು, ಹಾಗಾಗಿ ನಂಬುತ್ತೇನೆ. ಅಮೀಬಾ ಡುಬಿಯಾದ 67,000 ಕೋಟಿಯನ್ನು ನಂಬುವುದಿಲ್ಲ. 1968ರಲ್ಲಿ ಇಡೀ ಜೀವಕೋಶದ ಡಿಎನ್‌ಎಯನ್ನು ರಾಸಾಯನಿಕವಾಗಿ ಅಳೆದದ್ದು ಅದು. ಅಮೀಬಾ ನುಂಗಿದ ಆಹಾರದ ಡಿಎನ್‌ಎಯೂ ಅದರಲ್ಲಿ ಸೇರಿರಬಹುದು. ಆದರೂ ಜನ ಇನ್ನೂ ಅದನ್ನೇ ದಾಖಲೆ ಅಂತ ಬರೆಯುತ್ತಾರೆ. ದಯವಿಟ್ಟು ಬಿಡಿ.

ಎಲ್ಲಕ್ಕಿಂತ ನನಗೆ ಇಷ್ಟವಾದ ಅಂದಾಜು ಡೈನೋಸಾರ್‌ಗಳದ್ದು. ಜೀನೋಮ್ ದೊಡ್ಡದಾದರೆ ಜೀವಕೋಶವೂ ಸಾಮಾನ್ಯವಾಗಿ ದೊಡ್ಡದಾಗುತ್ತದೆ. ಸಾಲಮ್ಯಾಂಡರ್‌ಗಳ ಭಾರಿ ಕೋಶಗಳಿಗೂ ಹಕ್ಕಿಗಳ ಪುಟ್ಟ ಕೋಶಗಳಿಗೂ ಇದೇ ನಂಟು. ಮೂಳೆಯೊಳಗಿನ ಕೋಶ ಸತ್ತರೂ ಅದು ಕೂತಿದ್ದ ಗೂಡು ಪಳೆಯುಳಿಕೆಯಲ್ಲಿ ಹಾಗೇ ಉಳಿಯುತ್ತದೆ. 2007ರಲ್ಲಿ ಕ್ರಿಸ್ ಆರ್ಗನ್ ಮತ್ತು ಜೊತೆಗಾರರು ಆ ಗೂಡುಗಳನ್ನು ಅಳೆದರು. ಹಕ್ಕಿಗಳು ಹಾರುವುದಕ್ಕೆ ಎಷ್ಟೋ ಮೊದಲೇ, ಅವುಗಳ ಪೂರ್ವಜರ ಗುಂಪಿನ ಡೈನೋಸಾರ್‌ಗಳಲ್ಲಿ ಜೀನೋಮ್ ಚಿಕ್ಕದಾಗಿತ್ತು ಅಂತ ಕಂಡುಕೊಂಡರು. ಡಿಎನ್‌ಎಯ ಒಂದು ತುಣುಕೂ ಕೈಯಲ್ಲಿರಲಿಲ್ಲ! ಬದುಕಿರುವ ಪ್ರಾಣಿಗಳ ಕೋಶ ಮತ್ತು ಜೀನೋಮ್ ಅಳತೆಗಳೇ ಅಲ್ಲಿ ಸ್ಟ್ಯಾಂಡರ್ಡ್. ಈ ಅಳತೆಗಳು ಸರಿಯಿದ್ದರೆ ಮಾತ್ರ ಆ ಮಾತೂ ನಿಲ್ಲುತ್ತದೆ.

ಇವತ್ತಿನ ಜರೀಗಿಡವನ್ನು ನಾಳೆ ಬಟಾಣಿ ಬಿಟ್ಟು ಬೇರೆ ಸ್ಟ್ಯಾಂಡರ್ಡ್ ಜೊತೆ ಓಡಿಸುತ್ತೇನೆ. ಟೊಮೆಟೊ 1.96 ಪಿಕೋಗ್ರಾಂ, ತೀರಾ ಕೆಳಗಾಯಿತು. 'ಇನೊವೆಕ್' ತಳಿಯ ಫಾವಾ ಅವರೆ 26.90, ಅದು ನಡೆಯುತ್ತದೆ. ಎರಡೂ ಸಲ 13.6ರ ಆಸುಪಾಸು ಬಂದರೆ ಸಂಖ್ಯೆಯನ್ನು ಪಟ್ಟಿಗೆ ಸೇರಿಸುತ್ತೇನೆ, ಸ್ಟ್ಯಾಂಡರ್ಡ್‌ನ ಹೆಸರು ಮತ್ತು ಅದರ ಡಿಎನ್‌ಎ ಅಳತೆಯನ್ನು ಪಕ್ಕದಲ್ಲೇ ಬರೆದು.