ಕೊಚ್ಚಿಯ ಯೆಹೂದಿ ಮ್ಯೂಸಿಯಂಗಳಿಗೆ ಹೊರಟವರು ಮೊದಲು ವಾರ ನೋಡಿಕೊಳ್ಳಿ

ನಾನು ಮತ್ತು ಅಕ್ಕ ಮೊದಲ ಸಲ ಕೊಚ್ಚಿಯ ಮಟ್ಟಾಂಚೇರಿಗೆ ಹೋದದ್ದು ಒಂದು ಶನಿವಾರ. ಜ್ಯೂ ಟೌನ್ ಬೀದಿಯ ತುದಿಯಲ್ಲಿ ಗಡಿಯಾರದ ಗೋಪುರ ಕಂಡದ್ದೇ ತಡ, ಬಿಸಿಲನ್ನೂ ಲೆಕ್ಕಿಸದೆ ದಾಪುಗಾಲು ಹಾಕಿದೆವು. ಬಾಗಿಲಿಗೆ ಬೀಗ. ಶನಿವಾರ ಯೆಹೂದಿಗಳ ಸಬ್ಬತ್, ಅಂದರೆ ಕೆಲಸ ಬಿಟ್ಟು ವಿಶ್ರಮಿಸುವ ದಿನ, ಅಂದು ಅವರ ಪ್ರಾರ್ಥನಾಮಂದಿರವಾದ ಸಿನಗಾಗ್ ನೋಡಲು ಬಿಡುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ರೈಲು ಟಿಕೆಟ್ ಮಾಡುವಾಗ ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ. "ಗಡಿಯಾರ ಆದರೂ ನೋಡಿದೆವಲ್ಲ ಮಾರಾಯ್ತಿ" ಅಂತ ಅಕ್ಕ ಸಮಾಧಾನ ಹೇಳಿದಳು. ಆ ಗಡಿಯಾರದ ಒಂದು ಮುಖದಲ್ಲಿ ಹೀಬ್ರೂ ಅಕ್ಷರಗಳೇ ಅಂಕಿಗಳು. ಅದನ್ನೊಂದು ಫೋಟೋ ತೆಗೆದು ವಾಪಸು.

ಎರಡನೇ ಸಲ ಹೋಗುವಾಗ ಕ್ಯಾಲೆಂಡರ್ ಎದುರಿಗಿಟ್ಟು ಕೂತೆವು. ಇಲ್ಲಿಯ ತೊಡಕೇ ಇದು: ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ಶನಿವಾರ ಇಲ್ಲ, ಶುಕ್ರವಾರವನ್ನೂ ನಂಬಿ ಹೋಗಬೇಡಿ. ಪಕ್ಕದ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಕೊಚ್ಚಿಯಿಂದ ಉತ್ತರಕ್ಕಿರುವ ಉತ್ತರ ಪರವೂರು ಮತ್ತು ಚೇಂದಮಂಗಲಂ ಊರುಗಳ ಸಿನಗಾಗ್ ಮ್ಯೂಸಿಯಂಗಳಿಗೆ ಸೋಮವಾರ ರಜೆ. ನೌಕರಿಯವರು ಒಂದೇ ದಿನ ರಜೆ ಹಾಕುವುದಾದರೆ ಭಾನುವಾರ ಪರವೂರು–ಚೇಂದಮಂಗಲಂ, ಸೋಮವಾರ ಮಟ್ಟಾಂಚೇರಿ ಇಟ್ಟುಕೊಳ್ಳಿ. ಇದನ್ನು ತಿರುವುಮುರುವು ಮಾಡಿದರೆ ಮತ್ತೆ ಬೀಗವೇ ಗತಿ. ಮಟ್ಟಾಂಚೇರಿಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೂ ಬಾಗಿಲು ಹಾಕುತ್ತಾರೆ, ಹಾಗಾಗಿ ಬೆಳಿಗ್ಗೆ ತೆರೆಯುವ ಹೊತ್ತಿಗೇ ಅಲ್ಲಿರುವುದು ಒಳ್ಳೆಯದು.

ದಸರಾ ರಜೆಗೆ ಹೊರಡುವವರಿಗೆ ಇನ್ನೊಂದು ಮಾತು. ಯೆಹೂದಿಗಳ ಹೊಸವರ್ಷ ಅಮಾವಾಸ್ಯೆಯ ಲೆಕ್ಕದಲ್ಲೇ ಬರುತ್ತದೆ, ನಮ್ಮ ನವರಾತ್ರಿಯಂತೆ. ಕೆಲವು ವರ್ಷ ಎರಡೂ ಒಟ್ಟೊಟ್ಟಿಗೆ ಬಂದುಬಿಡುತ್ತವೆ. 2024ರಲ್ಲಿ ಹಾಗಾಯಿತು, 2025ರಲ್ಲೂ ಆಯಿತು. ಹೊಸವರ್ಷದ ಹಿಂದೆಯೇ ಉಪವಾಸದ ಹಬ್ಬ, ಅದರ ಹಿಂದೆ ಚಪ್ಪರದ ಹಬ್ಬ ಅಂತ ಮೂರು ವಾರ ಸಾಲು ಸಾಲು. ಹಬ್ಬದ ದಿನಗಳಲ್ಲಿ ಮಟ್ಟಾಂಚೇರಿಯ ಸಿನಗಾಗ್ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಮಕ್ಕಳಿಗೆ ರಜೆ ಸಿಕ್ಕಿತು ಅಂತ ಹೊರಡುವ ಮೊದಲು ಆ ವರ್ಷದ ತಾರೀಕುಗಳನ್ನು ನೋಡಿಕೊಳ್ಳಿ.

ನಮ್ಮ ಕಡೆಯವರು ಎಲ್ಲರೂ ಮಾಡುವುದು ಒಂದೇ. ಫೋರ್ಟ್ ಕೊಚ್ಚಿಯಲ್ಲಿ ಚೀನೀ ಬಲೆ, ಮಟ್ಟಾಂಚೇರಿಯಲ್ಲಿ ಅರ್ಧ ಗಂಟೆ ಸಿನಗಾಗ್, ಮರುದಿನ ಆಲಪ್ಪುಳ. ನಾನು ಹೇಳುವುದು, ಮೊದಲು ಪರವೂರಿಗೆ ಹೋಗಿ. ಮಟ್ಟಾಂಚೇರಿಯಲ್ಲಿ ಕಣ್ಣಿಗೆ ಹಬ್ಬ ಇದೆ, ಕತೆ ಹೇಳುವವರು ಕಡಿಮೆ. ಪರವೂರಿನಲ್ಲಿ ಕತೆ ಕೇಳಿ ಬಂದರೆ ಮಟ್ಟಾಂಚೇರಿಯಲ್ಲಿ ಏನು ನೋಡುತ್ತಿದ್ದೇವೆ ಅನ್ನುವುದು ಅರ್ಥವಾಗುತ್ತದೆ.

ಮಂಗಳೂರಿನಿಂದ ಸಂಜೆಯ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವ ಆಲುವಾ. ಎರ್ನಾಕುಲಂ ತನಕ ಹೋಗಬೇಕಿಲ್ಲ, ಪರವೂರಿಗೆ ಆಲುವಾವೇ ಹತ್ತಿರ. ಬೆಂಗಳೂರಿನವರಿಗೆ ರಾತ್ರಿಯ ಕನ್ಯಾಕುಮಾರಿ ರೈಲು ಇದೆ, ಅದೂ ಆಲುವಾದಲ್ಲಿ ನಿಲ್ಲುತ್ತದೆ. ಸ್ಟೇಷನ್‌ನಲ್ಲೇ ಮುಖ ತೊಳೆದು, ಹೊರಗೆ ಅಪ್ಪಂ–ಕಡಲೆ ಗಸಿ ತಿಂದು ಪರವೂರಿನ ಬಸ್ ಹತ್ತಿದೆವು. ಕಾರಿನಲ್ಲಿ ಬರುವವರಿಗೆ ದಾರಿ ಕೇಳುವ ಕೆಲಸವೇ ಇಲ್ಲ. ಮಂಗಳೂರಿನ ನಂತೂರಿನಲ್ಲಿ ಹಾದುಹೋಗುವ ಅದೇ 66ನೇ ನಂಬ್ರದ ಹೆದ್ದಾರಿ ಪರವೂರಿನ ಮೂಲಕವೂ ಹೋಗುತ್ತದೆ. ಊರಿನಲ್ಲಿ ಸಿನಗಾಗ್ ಅಂದರೆ ಕೆಲವರಿಗೆ ತಿಳಿಯದು, "ಜೂದಪ್ಪಳ್ಳಿ" ಅನ್ನಿ, ಕೂಡಲೇ ಕೈ ತೋರಿಸುತ್ತಾರೆ.

ಪರವೂರಿನ ಸಿನಗಾಗ್ ಈಗಿನ ರೂಪದಲ್ಲಿ 1616ರದ್ದು. ಮುಜಿರಿಸ್ ಎಂಬ ಪ್ರಾಚೀನ ಬಂದರಿನ ಹೆಸರಿನಲ್ಲಿ ಕೇರಳ ಸರಕಾರ ನಡೆಸುವ ಪರಂಪರೆ ಯೋಜನೆಯಲ್ಲಿ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಹೊರಗಿನಿಂದ ನೋಡಿದರೆ ನಮ್ಮ ಕಡೆಯ ದೊಡ್ಡ ಗುತ್ತಿನ ಮನೆಯೇ. ಮೊದಲು ಪಡಿಪ್ಪುರ, ಅಂದರೆ ಹೆಬ್ಬಾಗಿಲ ಮನೆ, ಆಮೇಲೆ ಅಂಗಳ, ಸಾಲುಕಂಬದ ಓಣಿ, ಅದು ದಾಟಿದ ಮೇಲೆ ಪ್ರಾರ್ಥನೆಯ ಕೋಣೆ. ಹೆಂಚಿನ ಮಾಡು, ಸುಣ್ಣದ ಗೋಡೆ. ದೇವಸ್ಥಾನದಲ್ಲಿ ಹೊರಸುತ್ತು ಒಳಸುತ್ತು ದಾಟಿ ಗರ್ಭಗುಡಿಗೆ ಹೋಗುತ್ತೇವಲ್ಲ, ಅದೇ ನಡಿಗೆ. ಒಳಗೆ ಧರ್ಮಗ್ರಂಥದ ಸುರುಳಿಗಳನ್ನು ಇಡುವ ಕೆತ್ತನೆಯ ಕಪಾಟು ಇದೆ. ಮೂಲ ಕಪಾಟು ಇಲ್ಲಿಲ್ಲ, ಅದು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿದೆ. ಇಲ್ಲಿರುವುದು ಅದರ ಪ್ರತಿ.

ಮಹಡಿ ಹತ್ತಲು ಮರೆಯಬೇಡಿ. ಮೇಲೆ ಹೆಂಗಸರ ಕೋಣೆ, ಅದರ ಮುಂದೆ ಗಂಡಸರು ಗ್ರಂಥ ಓದುವ ಇನ್ನೊಂದು ಕಟ್ಟೆ. ಓದುವ ಕಟ್ಟೆ ಸಾಮಾನ್ಯವಾಗಿ ಕೆಳಗೆ ನಡುಮಧ್ಯೆ ಒಂದೇ ಇರುತ್ತದೆ. ಮೇಲೊಂದು ಇರುವುದು ಕೇರಳದ ಸಿನಗಾಗ್‌ಗಳ ವಿಶೇಷ. ಮರದ ಜಾಲರಿಯ ಹಿಂದೆ ಕೂತ ಹೆಂಗಸರಿಗೆ ಓದು ಹತ್ತಿರದಲ್ಲೇ ಕೇಳಿಸುತ್ತಿತ್ತು. ಈ ಹೆಂಗಸರು ಮಲಯಾಳದಲ್ಲಿ ಹಾಡು ಕಟ್ಟಿದವರು. ಮದುವೆಯ ಹಾಡು, ಊರಿನ ಹಾಡು, ಬೈಬಲಿನ ಕತೆಯ ಹಾಡು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ತಾಯಿಯಿಂದ ಮಗಳಿಗೆ ಬಂದವು. 1950ರ ದಶಕದಲ್ಲಿ ಕೇರಳದ ಸುಮಾರು 2,500 ಯೆಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೊರಟಾಗ ಆ ನೋಟ್‌ಬುಕ್ಕುಗಳೂ ಟ್ರಂಕಿನಲ್ಲಿ ಹೋದವು. ಯಾರೂ ಓಡಿಸಿದ್ದಲ್ಲ, ಅವರೇ ಹೊರಟದ್ದು. ಅಕ್ಕ ಆ ಜಾಲರಿಯ ಹಿಂದೆ ಕೂತು ಬಹಳ ಹೊತ್ತು ಎದ್ದು ಬರಲಿಲ್ಲ. ನಾನು ಕೆಳಗೆ ಫಲಕ ಓದುತ್ತಾ ಕಾದೆ. ಇಲ್ಲಿಗೆ ಕಡಿಮೆಯೆಂದರೂ ಎರಡು ಗಂಟೆ ಇಡಿ.

ಅಲ್ಲಿಂದ ಚೇಂದಮಂಗಲಂಗೆ ಆಟೋ, ಹತ್ತಿಪ್ಪತ್ತು ನಿಮಿಷ. ಸಿನಗಾಗ್ ಚಿಕ್ಕದು, ಈಗಿನ ಕಟ್ಟಡ 1614ರದ್ದು ಎನ್ನುತ್ತಾರೆ. ಮಾಡಿನ ಒಳಭಾಗಕ್ಕೆ ಬಣ್ಣ ಬಳಿದ ಮರದ ತಾವರೆಗಳಿವೆ, ತಲೆಯೆತ್ತಿ ನೋಡಿ. ಆದರೆ ನಾನು ಬಂದದ್ದು ಅಂಗಳದ ಒಂದು ಕಲ್ಲಿಗಾಗಿ. ಇಸ್ರೇಲ್ ಎಂಬವನ ಮಗಳು ಸಾರಾ ಎಂಬಾಕೆಯ ಗೋರಿಕಲ್ಲು ಅದು, 1269ರದ್ದು. ಭಾರತದಲ್ಲಿ ಸಿಕ್ಕಿದ ಹೀಬ್ರೂ ಗೋರಿಕಲ್ಲುಗಳಲ್ಲಿ ಇದೇ ಹಳೆಯದು ಎನ್ನುತ್ತಾರೆ. ಸೊಂಟದೆತ್ತರವೂ ಇಲ್ಲದ ಕಲ್ಲು, ಗಮನಿಸದಿದ್ದರೆ ದಾಟಿಯೇ ಹೋಗುತ್ತೀರಿ. ಹತ್ತಿರದಲ್ಲೇ ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲ ಇವೆ. ಖರೀದಿ ಬೇಕಿದ್ದವರು ಇಲ್ಲಿಯ ಕೈಮಗ್ಗದ ಮುಂಡು, ಸೀರೆ ತೆಗೆದುಕೊಳ್ಳಿ. 2018ರ ನೆರೆಯಲ್ಲಿ ಈ ನೇಕಾರರ ಮಗ್ಗಗಳು ಮುಳುಗಿ, ಕೆಸರು ಹಿಡಿದ ಬಟ್ಟೆಯಿಂದ ಚೇಕುಟ್ಟಿ ಎಂಬ ಪುಟ್ಟ ಗೊಂಬೆ ಮಾಡಿ ಮಾರಿದ್ದು ಆಗ ಸುದ್ದಿಯಾಗಿತ್ತು.

ಮರುದಿನ ಮಟ್ಟಾಂಚೇರಿ. ಎರ್ನಾಕುಲಂನಲ್ಲಿ ಉಳಿದುಕೊಂಡವರು ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋದಲ್ಲಿ ಫೋರ್ಟ್ ಕೊಚ್ಚಿಗೆ ಬಂದು ಅಲ್ಲಿಂದ ಆಟೋ ಮಾಡಿ. ಆಟೋದವರು ದಾರಿಯಲ್ಲಿ ಕರಕುಶಲದ ಅಂಗಡಿಗೆ "ಐದೇ ನಿಮಿಷ" ಅಂತ ನಿಲ್ಲಿಸುವುದುಂಟು. ನಮಗೆ ಮೂರು ಅಂಗಡಿ ತೋರಿಸಿದ ಮೇಲೆ ಅಕ್ಕ ತುಳುವಿನಲ್ಲಿ ಗದರಿದಳು, ಭಾಷೆ ತಿಳಿಯದಿದ್ದರೂ ವಿಷಯ ತಲುಪಿತು. ನೇರ ಸಿನಗಾಗ್‌ಗೆ ಎಂದು ಹತ್ತುವ ಮೊದಲೇ ಹೇಳಿ.

ಪರದೇಶಿ ಅಂದರೆ ನಮ್ಮಲ್ಲಿ ಗತಿಯಿಲ್ಲದವನಿಗೆ ಬೈಯುವ ಮಾತು. ಇಲ್ಲಿ ಆ ಹೆಸರಿನವರೇ ಶ್ರೀಮಂತರು. ಸ್ಪೇನಿನಿಂದ 1492ರಲ್ಲಿ ಹೊರದಬ್ಬಿಸಿಕೊಂಡವರು ಮತ್ತು ಆಮೇಲೆ ಬೇರೆ ಬೇರೆ ದೇಶಗಳಿಂದ ಬಂದವರು ಸೇರಿ 1568ರಲ್ಲಿ ಈ ಸಿನಗಾಗ್ ಕಟ್ಟಿಕೊಂಡರು. ಜಾಗ ಅರಮನೆಯ ಮಗ್ಗುಲಲ್ಲೇ. ರಾಜನ ದೇವಸ್ಥಾನ ಮತ್ತು ಯೆಹೂದಿಗಳ ಪ್ರಾರ್ಥನಾಮಂದಿರ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನೆಲಕ್ಕೆ ಚೀನಾದಿಂದ ಬಂದ ನೀಲಿ ಚಿತ್ರದ ಬಿಲ್ಲೆಗಳು, ಎಲ್ಲ ಕೈಯಲ್ಲೇ ಬರೆದವು. ಮೇಲೆ ಗಾಜಿನ ತೂಗುದೀಪಗಳು, ನಡುವೆ ಹಿತ್ತಾಳೆಯ ಕಟಕಟೆ. ಜೋಸೆಫ್ ರಬ್ಬಾನ್ ಎಂಬ ಯೆಹೂದಿ ಮುಖಂಡನಿಗೆ ಚೇರ ರಾಜ ಭಾಸ್ಕರ ರವಿ ಸುಮಾರು ಸಾವಿರ ವರ್ಷದ ಹಿಂದೆ ಕೊಟ್ಟ ತಾಮ್ರಪಟದ ಕತೆಯೂ ಈ ಸಿನಗಾಗ್‌ಗೆ ಸೇರಿದ್ದೇ. ಅದರಲ್ಲಿ ಎಪ್ಪತ್ತೆರಡು ಮರ್ಯಾದೆಗಳು. ಪಲ್ಲಕ್ಕಿ, ಕೊಡೆ, ಹಗಲು ದೀಪ ಎಲ್ಲ ಉಂಟು.

ಚಂದ ನೋಡಿ ಮರುಳಾಗುವ ಮೊದಲು ಇದನ್ನೂ ತಿಳಿದಿರಿ. ಪರವೂರು, ಚೇಂದಮಂಗಲಂನಲ್ಲಿದ್ದ ಮಲಬಾರಿ ಯೆಹೂದಿಗಳು ಪರದೇಶಿಗಳಿಗಿಂತ ಎಷ್ಟೋ ಹಿಂದೆ ಬಂದವರು. ಆದರೂ ಪರದೇಶಿಗಳು ಅವರೊಡನೆ ಕೊಡುಕೊಳ್ಳುವ ಸಂಬಂಧ ಇಡಲಿಲ್ಲ. ತಮ್ಮಲ್ಲೇ ಇದ್ದ, ಗುಲಾಮಗಿರಿಯಿಂದ ಬಿಡುಗಡೆಯಾದವರ ಸಂತತಿಯನ್ನು ಈ ಮಂದಿರದೊಳಗೆ ಸರಿಸಮ ಕೂರಿಸಲಿಲ್ಲ. ಆ ಸಂತತಿಯ ವಕೀಲ ಎ. ಬಿ. ಸೇಲಂ ಇದೇ ಸಿನಗಾಗ್‌ನಲ್ಲಿ ಗಾಂಧಿಯ ದಾರಿಯಲ್ಲಿ ಸತ್ಯಾಗ್ರಹ ಮಾಡಿದರು. ಜನ ಅವರನ್ನು ಯೆಹೂದಿ ಗಾಂಧಿ ಎಂದೇ ಕರೆದರು. ಪಂಕ್ತಿಭೇದದ ಊರಿನಿಂದ ಹೋದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಮಂಗಳೂರಿನವರಾಗಿ ಒಂದು ಎಳೆ ಹಿಡಿದು ಹೋದರೆ ಪ್ರವಾಸಕ್ಕೆ ಬೇರೆಯೇ ರುಚಿ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಟ್ಯುನೀಶಿಯಾದವನು. 1132ರ ಹೊತ್ತಿಗೆ ಮಂಗಳೂರಿಗೆ ಬಂದು ಹದಿನೇಳು ವರ್ಷದಷ್ಟು ಕಾಲ ಈ ಕರಾವಳಿಯಲ್ಲೇ ಇದ್ದ. ಅಡಿಕೆ, ಕರಿಮೆಣಸು ಹಡಗಿಗೆ ಹಾಕುತ್ತಿದ್ದ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅಶು ಎಂಬ ಗುಲಾಮ ಹುಡುಗಿಯನ್ನು ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. ಅವಳೇ ಅವನ ಮಕ್ಕಳ ತಾಯಿ ಎನ್ನುತ್ತಾರೆ. ಅವನ ಕಾಗದಗಳು ಉಳಿದದ್ದು ಈಜಿಪ್ಟಿನ ಕೈರೋದ ಒಂದು ಸಿನಗಾಗ್‌ನ ಕೋಣೆಯಲ್ಲಿ. ದೇವರ ಹೆಸರಿರುವ ಕಾಗದ ಹರಿದು ಎಸೆಯಬಾರದೆಂದು ಅಲ್ಲಿ ಎಲ್ಲ ಹಳೇ ಕಾಗದ ತುಂಬಿಡುತ್ತಿದ್ದರು. ಅವನ ಗುಮಾಸ್ತನಂತಿದ್ದ ಗುಲಾಮನ ಹೆಸರನ್ನು ವಿದ್ವಾಂಸರು ಬೊಮ್ಮ ಎಂದು ಓದಿದ್ದಾರೆ, ನಮ್ಮ ಕಡೆಯ ಹೆಸರೇ.

ಇನ್ನು ಚಿಲ್ಲರೆ ಸಂಗತಿಗಳು. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ, ಚಡ್ಡಿಯಲ್ಲಿ ಬಂದವರನ್ನು ಮಟ್ಟಾಂಚೇರಿಯಲ್ಲಿ ಒಳಗೆ ಬಿಡುವುದಿಲ್ಲ. ಅಲ್ಲಿ ಚಪ್ಪಲಿಯನ್ನೂ ಹೊರಗೇ ಬಿಡಬೇಕು, ಆದ್ದರಿಂದ ಲೇಸಿನ ಶೂ ಬೇಡ. ಟಿಕೆಟ್ ದುಬಾರಿಯಲ್ಲ, ಆದರೆ ಕೈಯಲ್ಲಿ ಸಣ್ಣ ನೋಟು ಇರಲಿ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ, ಈಗಲೂ ಅದು ಪ್ರಾರ್ಥನೆಯ ಜಾಗ. ಜ್ಯೂ ಟೌನ್‌ನ ಅಂಗಡಿಗಳಲ್ಲಿ ಹಳೆಯದೆಂದು ಮಾರುವುದೆಲ್ಲ ಹಳೆಯದಲ್ಲ. ಏಲಕ್ಕಿ, ಮೆಣಸು ನಮ್ಮೂರಿನದ್ದೇ ಸಾಕು ಅಂತ ಅಕ್ಕ ಮುಟ್ಟಲಿಲ್ಲ, ಶುಂಠಿ ಮಾತ್ರ ಕಾಲು ಕಿಲೋ ಕಟ್ಟಿಸಿಕೊಂಡಳು. ಮಳೆಗಾಲದಲ್ಲಿ ಹೋಗುವವರು ಕೊಡೆ ಮರೆಯಬೇಡಿ, ಪರವೂರಿನ ಅಂಗಳಕ್ಕೆ ಮಾಡು ಇಲ್ಲ.