ದೋಣಿ ಹಿಂದಿನ ಅಲೆ ಕಟ್ಟುವ ಕೆಲಸ

ಆ ದಿನ ಬೆಳಿಗ್ಗೆ ದೋಣಿ ನಿಲ್ಲಿಸಿದ್ದು ಅದು ಮೂರನೇ ಸಲ. ಹಗ್ಗದ ಆ ತುದಿಯಲ್ಲಿದ್ದ ಹುಡುಗ ನೀರಲ್ಲಿ ತೇಲುತ್ತಾ ಎಡಗೈ ಎತ್ತಿ ಅಲ್ಲಾಡಿಸಿದ. ಎಡಗಡೆ ಅಲೆ ಮತ್ತೆ ಸತ್ತಿದೆ ಅಂತ ಅರ್ಥ. ಬಲಗಡೆ ಅಲೆ ಗಾಜಿನ ಹಾಗೆ ನುಣುಪಾಗಿ ಎದ್ದು ನಿಂತಿತ್ತು. ಎಡಗಡೆ ಮಾತ್ರ ತುದಿಯಿಂದ ಬುಡದವರೆಗೆ ಬಿಳಿ ನೊರೆ.

ನಾನು ದುಬೈಯಲ್ಲಿ ವೇಕ್‌ಬೋರ್ಡ್ ದೋಣಿ ಓಡಿಸುತ್ತೇನೆ. ಊರು ಮಲ್ಪೆ ಹತ್ತಿರ. ವೇಕ್‌ಬೋರ್ಡ್ ಅಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು, ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವುದು. ದೋಣಿ ಹಿಂದೆ ಎಡಕ್ಕೊಂದು ಬಲಕ್ಕೊಂದು ಅಲೆ ಏಳುತ್ತದಲ್ವಾ, ಅದೇ ವೇಕ್. ರೈಡರ್ ಹೊರಗಿನಿಂದ ಓರೆಯಾಗಿ ಬಂದು, ಆ ಅಲೆ ಹತ್ತಿ, ಅದರ ನೆತ್ತಿಯಿಂದ ಹಾರಿ ಆಚೆ ಅಲೆಯ ಇಳಿಜಾರಿನಲ್ಲಿ ಇಳಿಯಬೇಕು. ಅಂದರೆ ಅಲೆಯೇ ಅವರ ಮೈದಾನ. ಆ ಮೈದಾನವನ್ನು ಪ್ರತಿ ಕ್ಷಣ ಹೊಸದಾಗಿ ಕಟ್ಟಿಕೊಡುವುದು ನನ್ನ ಕೆಲಸ.

ಕಟ್ಟುವ ಸಾಮಾನು ಮುಖ್ಯವಾಗಿ ಮೂರು: ಭಾರ, ವೇಗ, ಹಗ್ಗದ ಉದ್ದ. ನಮ್ಮದು 21 ಅಡಿಯ ವಿ-ಡ್ರೈವ್ ದೋಣಿ, ಎಂಜಿನ್ ಹಿಂಬದಿಯಲ್ಲಿದೆ. ಹಿಂದೆ ಎಡ ಬಲ ಎರಡು ನೀರಿನ ಚೀಲ, ತಲಾ ಸುಮಾರು 340 ಕೆ.ಜಿ. ಮೂತಿಯಲ್ಲಿ ಇನ್ನೊಂದು. ಬ್ಯಾಲಾಸ್ಟ್ ಅನ್ನುವುದು ಇದನ್ನೇ. ಪಂಪ್ ಹಾಕಿದರೆ ಸಮುದ್ರದ ನೀರೇ ಚೀಲ ತುಂಬುತ್ತದೆ, ಕೆಲಸ ಮುಗಿದ ಮೇಲೆ ಹೊರಗೆ ಹೋಗುತ್ತದೆ. ಭಾರ ಜಾಸ್ತಿಯಾದಷ್ಟೂ ದೋಣಿ ನೀರಲ್ಲಿ ಆಳಕ್ಕೆ ಕೂರುತ್ತದೆ, ಅಷ್ಟೂ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅಲೆ ದೊಡ್ಡದಾಗುತ್ತದೆ.

ಎಡಗಡೆ ಅಲೆ ಸತ್ತಾಗ ನಾನು ಮೊದಲು ವೇಗ ಏರಿಸಿದೆ. ಕೆಲಸ ಕಲಿತಾಗ ಹಾಗೇ ಹೇಳಿಕೊಟ್ಟಿದ್ದರು: ಅಲೆಯ ತುದಿ ಮುರಿಯುತ್ತಿದ್ದರೆ ವೇಗ ಸಾಲದು, ಗಂಟೆಗೆ ಒಂದೆರಡು ಕಿ.ಮೀ. ಏರಿಸಿದರೆ ಬಿಗಿಯಾಗುತ್ತದೆ. ಏರಿಸಿದೆ, ಸ್ವಲ್ಪ ಸರಿಹೋಯಿತು. ಹತ್ತು ನಿಮಿಷಕ್ಕೆ ಮತ್ತೆ ನೊರೆ. ಆಮೇಲೆ ಹಗ್ಗ ಒಂದು ಮೆಟ್ಟಿಲು ಗಿಡ್ಡ ಮಾಡಿದೆ. ಜೊತೆಗೆ ದೋಣಿಯಲ್ಲಿದ್ದ ಅವನ ಗೆಳೆಯನನ್ನು ಎಡಗಡೆ ಸೀಟಿಗೆ ಕಳಿಸಿದೆ. ಮತ್ತೆ ಸ್ವಲ್ಪ ಸರಿಯಾಯಿತು. ಮತ್ತೆ ಕೆಟ್ಟಿತು. ಹುಡುಗ ದುಡ್ಡು ಕೊಟ್ಟ ಒಂದು ಗಂಟೆಯಲ್ಲಿ ಅರ್ಧ ಗಂಟೆ ನನ್ನ ಪ್ರಯೋಗಕ್ಕೇ ಹೋಯಿತು.

ಕೊನೆಗೆ ಎಂಜಿನ್ ನಿಲ್ಲಿಸಿ ಹಿಂಬದಿಯ ಮುಚ್ಚಳ ತೆಗೆದೆ. ಎಡ ಚೀಲದ ಮೇಲೆ ಕೈ ಇಟ್ಟರೆ ಕೈ ಒಳಗೆ ಹೋಯಿತು. ಹತ್ತಿರ ಹತ್ತಿರ ಅರ್ಧ ಖಾಲಿ. ಚೀಲ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗಲು ಒಂದು ಪೈಪ್ ಇರುತ್ತದೆ. ಅದನ್ನು ದೋಣಿಯ ಅಂಚಿನ ತನಕ ಎತ್ತಿ, ಬಿಲ್ಲಿನ ಹಾಗೆ ಬಗ್ಗಿಸಿ ಕಟ್ಟಿರಬೇಕು. ನಮ್ಮದರಲ್ಲಿ ಕ್ಲಿಪ್ ಬಿಟ್ಟುಕೊಂಡು ಪೈಪ್ ಕೆಳಗೆ ಜೋತುಬಿದ್ದಿತ್ತು. ಒಮ್ಮೆ ಪೈಪಿನಲ್ಲಿ ನೀರು ಹರಿದ ಮೇಲೆ ಅದು ತಾನಾಗಿಯೇ ಎಳೆದುಕೊಳ್ಳುತ್ತಾ ಹೋಗುತ್ತದೆ. ಡ್ರಮ್ಮಿನಿಂದ ಟ್ಯೂಬ್ ಹಾಕಿ ಸೀಮೆಎಣ್ಣೆ ಇಳಿಸುವುದನ್ನು ನೋಡಿದವರಿಗೆ ಇದು ಗೊತ್ತು. ಸುಮ್ನೆ ಕೂತ ಹಾಗೆ ಕಾಣುವ ಚೀಲ ಇಡೀ ಬೆಳಿಗ್ಗೆ ಹನಿಹನಿಯಾಗಿ ಸಮುದ್ರಕ್ಕೆ ಹೋಗುತ್ತಿತ್ತು. ಎಡಗಡೆ ಹಗುರಾಗಿ ದೋಣಿ ಬಲಕ್ಕೆ ವಾಲಿತ್ತು. ವಾಲಿದ ಬದಿಯಲ್ಲಿ ಅಲೆ ಶುಭ್ರ, ಎದ್ದ ಬದಿಯಲ್ಲಿ ನೊರೆ. ಇದೇ ಗುಣವನ್ನು, ಹಗ್ಗ ಬಿಟ್ಟು ದೋಣಿಯ ಅಲೆಯ ಮೇಲೇ ಜಾರುವ ವೇಕ್‌ಸರ್ಫ್ ಮಾಡುವವರು ಬೇಕೆಂದೇ ಬಳಸುತ್ತಾರೆ. ದೋಣಿಯನ್ನು ಒಂದೇ ಕಡೆಗೆ ವಾಲಿಸಿ, ಗಂಟೆಗೆ 16ರಿಂದ 19 ಕಿ.ಮೀ. ವೇಗದಲ್ಲಿ ಹೋಗಿ, ಆ ಒಂದು ಬದಿಯ ಅಲೆಯನ್ನು ದೊಡ್ಡದು ಮಾಡುತ್ತಾರೆ. ವೇಕ್‌ಬೋರ್ಡಿಗೆ ಮಾತ್ರ ಎರಡೂ ಬದಿ ಬೇಕು.

ಇದರಲ್ಲಿ ನನಗೆ ತುಂಬಾ ಬೇಜಾರಾದ ವಿಷಯ ಬೇರೆ. ವಾಲಿದ ದೋಣಿಯನ್ನು ಗುರುತಿಸುವುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಅಪ್ಪ ಮೀನು ಬೋಟಿನಲ್ಲಿದ್ದವರು. ಐಸ್ ತುಂಬುವಾಗ ಒಂದು ಬದಿಗೆ ಜಾಸ್ತಿ ಬಿದ್ದರೆ ತಾಂಡೇಲ, ಅಂದರೆ ಬೋಟು ನಡೆಸುವವರು, ದಡದಲ್ಲೇ ನಿಂತು ಕೂಗುತ್ತಿದ್ದರು. ಬೋಟು ನೀರಲ್ಲಿ ಹೇಗೆ ಕೂತಿದೆ ಅಂತ ಮೊದಲು ನೋಡು, ಆಮೇಲೆ ಎಂಜಿನ್ ಮುಟ್ಟು ಅನ್ನುತ್ತಿದ್ದರು ಅಪ್ಪ. ಇಲ್ಲಿ ಪರದೆಯ ಮೇಲೆ ಎಡ ಚೀಲ 100 ಅಂತ ತೋರಿಸುತ್ತಿತ್ತು. ನಮ್ಮ ದೋಣಿಯಲ್ಲಿ ಆ ಅಂಕಿ ಪಂಪ್ ಎಷ್ಟು ಹೊತ್ತು ಓಡಿತು ಅನ್ನುವುದರ ಲೆಕ್ಕ. ಚೀಲದಲ್ಲಿ ಎಷ್ಟು ನೀರಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಾನು ಅಂಕಿಯನ್ನು ನಂಬಿ ನೀರಿನ ಕಡೆ ನೋಡಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಒಂದರ ಮೇಲೊಂದು ಬದಲಾವಣೆ ಮಾಡುತ್ತಾ ಹೋಗಿದ್ದು. ವೇಗ, ಹಗ್ಗ, ಜನ ಎಲ್ಲ ಕಲಸಿಹೋದ ಮೇಲೆ ಯಾವುದರಿಂದ ಏನಾಯಿತು ಅಂತ ಹೇಳಲು ಸಾಧ್ಯವೇ ಇರಲಿಲ್ಲ.

ಈಗ ಪೈಪನ್ನು ಎತ್ತರಕ್ಕೆ ಕಟ್ಟಿ, ನೀರು ತಾನಾಗಿ ಎಳೆದುಕೊಳ್ಳದಂತೆ ಗಾಳಿ ಒಳಗೆ ಬಿಡುವ ವಾಲ್ವ್ ಹಾಕಿಸಿದ್ದೇವೆ. ನೀರು ತುಂಬಿದ ಮೇಲೆ ಪ್ರತಿ ಚೀಲವನ್ನೂ ಕೈಯಿಂದ ಒತ್ತಿ ನೋಡುತ್ತೇನೆ. ಚಾಲಕನ ಸೀಟು ಬಲಗಡೆ ಇರುವುದರಿಂದ ನನ್ನ ಭಾರವೇ ದೋಣಿಯನ್ನು ಬಲಕ್ಕೆ ಎಳೆಯುತ್ತದೆ. ಪ್ರೊಪೆಲ್ಲರ್ ತಿರುಗುವ ದಿಕ್ಕೂ ದೋಣಿಯನ್ನು ಒಂದು ಬದಿಗೆ ವಾಲಿಸುತ್ತದೆ. ಹಾಗಾಗಿ ರೈಡರ್ ನೀರಿಗೆ ಇಳಿಯುವ ಮೊದಲು ಒಂದು ಸುತ್ತು ಖಾಲಿ ಓಡಿಸಿ, ಹಿಂದೆ ತಿರುಗಿ ಎರಡೂ ಅಲೆ ನೋಡುತ್ತೇನೆ. ಒಂದು ಬದಿ ನೊರೆ ಇದ್ದರೆ ಆ ಬದಿಗೇ ಭಾರ. ಒಬ್ಬ ಮನುಷ್ಯ ಸೀಟು ಬದಲಿಸಿದರೂ ಅಲೆಯಲ್ಲಿ ಕಾಣುತ್ತದೆ. ಓಡುವಾಗ ಯಾರೂ ಜಾಗ ಬಿಟ್ಟು ಏಳಬೇಡಿ ಅಂತ ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಎಡ ಬಲ ಸಮ ಆದ ಮೇಲೆ ಹಿಂದೆ ಮುಂದೆ. ಅಲೆಗೆ ನಿಜವಾದ ಆಕಾರ ಬರುವುದು ಇಲ್ಲಿ. ಹಿಂದೆ ಭಾರ ಜಾಸ್ತಿ ಇಟ್ಟರೆ ಅಲೆ ಎತ್ತರ, ಗೋಡೆಯ ಹಾಗೆ ಕಡಿದು. ರೈಡರನ್ನು ಒಮ್ಮೆಲೇ ಮೇಲಕ್ಕೆ ಒದೆಯುತ್ತದೆ. ಮೂತಿಗೆ ಭಾರ ಸೇರಿಸುತ್ತಾ ಹೋದರೆ ಅದೇ ಅಲೆ ಉದ್ದವಾಗಿ, ಗುಡ್ಡದ ಏರಿನ ಹಾಗೆ ನಿಧಾನಕ್ಕೆ ಏರುತ್ತದೆ. ನಾನು ಸಾಮಾನ್ಯವಾಗಿ ಹಿಂದೆ ಆರು ಪಾಲು, ಮುಂದೆ ನಾಲ್ಕು ಪಾಲು ಇಟ್ಟು ಶುರು ಮಾಡುತ್ತೇನೆ. ಅಲ್ಲಿಂದ ಎತ್ತ ಹೋಗಬೇಕು ಅನ್ನುವುದನ್ನು ರೈಡರ್ ಹೇಳಬೇಕು.

ಬೆಂಗಳೂರಿನವರೊಬ್ಬರು ನಮ್ಮಲ್ಲಿಗೆ ಬರುತ್ತಾರೆ, ವಯಸ್ಸು ನಲವತ್ತು ದಾಟಿದೆ. ಎರಡು ತಿಂಗಳಾದರೂ ಅಲೆ ದಾಟಲು ಆಗುತ್ತಿರಲಿಲ್ಲ. ಅಲೆಯ ಬುಡಕ್ಕೆ ಬಂದ ಕೂಡಲೇ ಮೈ ಬಿಗಿಹಿಡಿದು ಬೀಳುತ್ತಿದ್ದರು. ಅವರಿಗಿಂತ ಮೊದಲು ಬರುವ ಹುಡುಗರಿಗೆ ಎಲ್ಲ ಚೀಲ ತುಂಬಿಸಿರುತ್ತಿದ್ದೆ. ಅದೇ ಭಾರದಲ್ಲಿ ಇವರನ್ನೂ ಎಳೆಯುತ್ತಿದ್ದೆ. ದೊಡ್ಡ ಅಲೆ ಅಂದರೆ ಒಳ್ಳೆಯ ಅಲೆ ಅಂತ ನನ್ನ ತಲೆಯಲ್ಲಿತ್ತು. ಒಂದು ದಿನ ಅವರೇ ಕನ್ನಡದಲ್ಲಿ ಹೇಳಿದರು, "ಅದು ಗೋಡೆ ತರ ಬರುತ್ತೆ ಕಣ್ರೀ, ಎಲ್ಲಿ ಹತ್ತಬೇಕು ಅಂತಲೇ ಗೊತ್ತಾಗಲ್ಲ." ಹಿಂದಿನ ಎರಡೂ ಚೀಲ ಅರ್ಧ ಖಾಲಿ ಮಾಡಿದೆ, ಮೂತಿಯದ್ದು ಪೂರ್ತಿ ಇಟ್ಟೆ. ವೇಗ ಗಂಟೆಗೆ 30 ಕಿ.ಮೀ.ಗೆ ಇಳಿಸಿದೆ, ಹಗ್ಗ 16 ಮೀಟರ್ ಮಾಡಿದೆ. ಅಲೆ ಮೊಣಕಾಲಿಗೂ ಬರಲಿಲ್ಲ, ಆದರೆ ಉದ್ದಕ್ಕೆ ನುಣುಪಾಗಿತ್ತು. ನಾಲ್ಕನೇ ಪ್ರಯತ್ನಕ್ಕೆ ದಾಟಿದರು. ಆಚೆ ಬದಿಯಲ್ಲಿ ನಿಂತು ಅವರು ಕೂಗಿದ ಕೂಗು ಎಂಜಿನ್ ಸದ್ದನ್ನೂ ಮೀರಿ ನನಗೆ ಕೇಳಿಸಿತು. ಎರಡು ತಿಂಗಳು ಅವರನ್ನು ತಡೆದಿದ್ದು ನಾನು ಕಟ್ಟಿದ ಅಲೆ ಅಂತ ಆಗ ಅರ್ಥವಾಯಿತು.

ಹಗ್ಗದ ವಿಷಯ ಇದಕ್ಕೇ ಸೇರಿದ್ದು. ದೋಣಿಯಿಂದ ದೂರ ಹೋದಂತೆ ಎರಡು ಅಲೆಗಳ ನಡುವೆ ಅಂತರ ಅಗಲವಾಗುತ್ತದೆ. ಬಾತುಕೋಳಿಯಿಂದ ಹಡಗಿನವರೆಗೆ ಆ ಕವಲಿನ ಕೋನ ಸುಮಾರು 39 ಡಿಗ್ರಿ ಅಂತ 1887ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಲೆಕ್ಕ ಹಾಕಿ ತೋರಿಸಿದ್ದರು. ಹಡಗುಗಳ ಉಪಗ್ರಹ ಚಿತ್ರ ಅಳೆದು, ವೇಗ ಜಾಸ್ತಿಯಾದಾಗ ಕವಲು ಅದಕ್ಕಿಂತ ಕಿರಿದಾಗಿ ಕಾಣುತ್ತದೆ ಅಂತ 2013ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ರಾಬೋ ಮತ್ತು ಮೊಯ್ಸಿ ಬರೆದರು. ನಮ್ಮ ದೋಣಿಯಲ್ಲಿ ನಾನು ದಿನಾ ನೋಡುವುದೂ ಅದನ್ನೇ. ವೇಗ ಏರಿಸಿದರೆ ಎರಡು ಅಲೆ ಹತ್ತಿರ ಬರುತ್ತವೆ, ಗಟ್ಟಿಯಾಗುತ್ತವೆ. ಚೆನ್ನಾಗಿ ಕಲಿತವರು 35ರಿಂದ 38 ಕಿ.ಮೀ. ವೇಗದಲ್ಲಿ 20 ಮೀಟರಿಗಿಂತ ಉದ್ದದ ಹಗ್ಗ ಕೇಳುತ್ತಾರೆ. ಅಂತರ ಅಗಲವಾದಷ್ಟೂ ಗಾಳಿಯಲ್ಲಿ ಜಾಸ್ತಿ ಹೊತ್ತು ಇರಬಹುದು. ಕಲಿಯುವವರಿಗೆ ಗಿಡ್ಡ ಹಗ್ಗವೇ ಸರಿ.

ವೇಗದಲ್ಲಿ ನನಗೆ ಬಹಳ ದಿನ ಅರ್ಥವಾಗದ ಒಂದು ಸಂಗತಿ ಇತ್ತು. ಒಬ್ಬ ಹಳೆಯ ರೈಡರ್ ಯಾವಾಗಲೂ ಹೇಳುತ್ತಿದ್ದ, ಹೋಗುವಾಗ ಅಲೆ ಚೆನ್ನಾಗಿದೆ, ವಾಪಸ್ ಬರುವಾಗ ಮೆತ್ತಗಾಗುತ್ತದೆ ಅಂತ. ಪರದೆಯಲ್ಲಿ ಎರಡೂ ಕಡೆ 36. ಅವನಿಗೆ ಸುಸ್ತಾಗಿರಬೇಕು ಅಂದುಕೊಂಡಿದ್ದೆ. ಆದರೆ ಆ 36 ಜಿಪಿಎಸ್ ಕೊಡುವ ವೇಗ. ಅಂದರೆ ನೆಲದ ಲೆಕ್ಕ. ಉಬ್ಬರ ಇಳಿತದ ಹೊತ್ತಿಗೆ ನೀರು ಗಂಟೆಗೆ ಎರಡು ಕಿ.ಮೀ. ಹರಿಯುತ್ತಿದ್ದರೆ, ಹರಿವಿನ ಜೊತೆ ಹೋಗುವಾಗ ದೋಣಿ ನೀರಿನ ಲೆಕ್ಕದಲ್ಲಿ 34ರಲ್ಲಿ ಮಾತ್ರ ಇರುತ್ತದೆ. ಎದುರು ಹೋಗುವಾಗ 38. ಅಲೆಗೆ ನೆಲ ಗೊತ್ತಿಲ್ಲ, ನೀರು ಮಾತ್ರ ಗೊತ್ತು. ಅವನು ಹೇಳಿದ್ದು ಅಕ್ಷರಶಃ ನಿಜ. ಕೆರೆಯಲ್ಲಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಕಲಿತ ಚಾಲಕರಿಗೆ ಇದು ತೊಂದರೆಯೇ ಅಲ್ಲ. ಸಮುದ್ರದಲ್ಲಿ ಓಡಿಸುವವರು ಮಾತ್ರ ದಯವಿಟ್ಟು ಗಮನಿಸಿ. ಈಗ ಹರಿವಿನ ಜೊತೆ ಹೋಗುವಾಗ ಒಂದೆರಡು ಅಂಕಿ ಏರಿಸುತ್ತೇನೆ, ಎದುರು ಬರುವಾಗ ಅಷ್ಟೇ ಇಳಿಸುತ್ತೇನೆ.

ನೀರಿನ ಆಳವನ್ನೂ ನೋಡಿಕೊಳ್ಳಬೇಕು. ತಳ ಹತ್ತಿರ ಬಂದರೆ ಅಲೆ ಹರಡಿ ಹಾಳಾಗುತ್ತದೆ. ಪಾಮ್ ಜುಮೇರಾ ಅನ್ನುವ ಕೃತಕ ದ್ವೀಪದ ಕಡೆ ಹೋದಾಗ ಆಳ ತೋರಿಸುವ ಮೀಟರಿನ ಮೇಲೆ ಒಂದು ಕಣ್ಣು ಇಟ್ಟಿರುತ್ತೇನೆ.

ಇನ್ನು ಓಡಿಸುವ ರೀತಿ. ನಾವು ಹೊತ್ತು ಮೂಡುವಾಗಲೇ ಹೊರಡುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಎದ್ದು ನೀರು ಒರಟಾಗುತ್ತದೆ. ಅಷ್ಟು ಬೇಗ ಎದ್ದು ಹುಡುಕಿಕೊಂಡ ಕನ್ನಡಿಯಂಥ ನೀರನ್ನು ಚಾಲಕನೇ ಕೆಡಿಸಿಬಿಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ರೈಡರ್ ಬಿದ್ದ ಕೂಡಲೇ ಗಾಬರಿಯಿಂದ ಪೂರ್ತಿ ವೇಗದಲ್ಲೇ ಗರ್ರನೆ ತಿರುಗಿಸುತ್ತಾರೆ. ಆ ಸುತ್ತಿನ ಅಲೆಗಳು ದಡಕ್ಕೆ ಬಡಿದು, ವಾಪಸ್ ಬಂದು, ಇಡೀ ಜಾಗವನ್ನು ಕಲಕುತ್ತವೆ. ಮೊದಲು ವೇಗ ಇಳಿಸಬೇಕು. ದೋಣಿ ಕೂತ ಮೇಲೆ ನಿಧಾನಕ್ಕೆ ತಿರುಗಿಸಿ, ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಬಿದ್ದವರಿಗೆ ಲೈಫ್ ಜಾಕೆಟ್ ಇದೆ, ಅವರ ಮೇಲೆ ಕಣ್ಣಿಡಲು ದೋಣಿಯಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ. ಮತ್ತೆ ಎಳೆಯುವಾಗ ನೇರ ಗೆರೆಯಲ್ಲಿ.

ವೇಗ ಇಳಿಸುವುದು ಅಂದರೆ ಒಮ್ಮೆಲೇ ಸೊನ್ನೆ ಮಾಡುವುದಲ್ಲ. ಭಾರ ತುಂಬಿದ ದೋಣಿ ಗಕ್ಕನೆ ನಿಂತರೆ ಅದರದ್ದೇ ಅಲೆ ಹಿಂದಿನಿಂದ ಬಂದು ಹಿಂಬದಿಯನ್ನು ಎತ್ತುತ್ತದೆ, ಮೂತಿ ಮುಳುಗಿ ನೀರು ಒಳಗೆ ನುಗ್ಗುತ್ತದೆ. ಮೂತಿ ಚೀಲ ತುಂಬಿದ್ದು, ಅದರ ಮೇಲೆ ಮೂರು ಜನ ಕೂತಿದ್ದರೆ ಇನ್ನೂ ಬೇಗ. ಎಷ್ಟು ಜನ, ಎಷ್ಟು ಭಾರ ಅಂತ ದೋಣಿಯ ತಗಡಿನ ಮೇಲೆ ಬರೆದಿರುತ್ತದೆ. ನಾವು ಹೊರಗಿಂದ ತಂದಿಟ್ಟ ಚೀಲದ ನೀರೂ ಭಾರವೇ. ಒಂದು ಲೀಟರ್ ಅಂದರೆ ಒಂದು ಕೆ.ಜಿ., ಉಪ್ಪು ನೀರಾದರೆ ಇನ್ನೂ ಸ್ವಲ್ಪ ಜಾಸ್ತಿ. ಈ ವಿಷಯದಲ್ಲಿ ಗ್ರಾಹಕರ ಒತ್ತಾಯಕ್ಕೆ ನಾನು ಬಗ್ಗುವುದಿಲ್ಲ. ಹಾಗೇ, ಎಂಜಿನ್ ಓಡುತ್ತಿರುವಾಗ ಹಿಂಬದಿಯ ಮೆಟ್ಟಿಲ ಮೇಲೆ ಯಾರನ್ನೂ ಕೂರಿಸುವುದಿಲ್ಲ. ಎಂಜಿನ್ ಹೊಗೆಯಲ್ಲಿರುವ ವಿಷ ಅನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ.

ಸಂಜೆ ಚೀಲ ಖಾಲಿ ಮಾಡಿ ಪಂಪಿಗೆ ಸಿಹಿ ನೀರು ಹಾಯಿಸುತ್ತೇನೆ. ಉಪ್ಪು ಕಟ್ಟಿದರೆ, ಅಥವಾ ನೀರಿಲ್ಲದೆ ಪಂಪ್ ಓಡಿದರೆ, ಒಳಗಿನ ರಬ್ಬರ್ ಚಕ್ರ ಹಾಳಾಗುತ್ತದೆ. ಆಮೇಲೆ ನೋಟ್‌ಬುಕ್ ತೆಗೆಯುತ್ತೇನೆ. ಎಡ ಚೀಲ ಕೈಕೊಟ್ಟ ದಿನದಿಂದ ಬರೆಯಲು ಶುರು ಮಾಡಿದ್ದು. ಪ್ರತಿ ರೈಡರಿಗೆ ಒಂದು ಪುಟ: ಹಿಂದೆ ಎಷ್ಟು, ಮುಂದೆ ಎಷ್ಟು, ವೇಗ, ಹಗ್ಗ, ಯಾರು ಎಲ್ಲಿ ಕೂತಿದ್ದರು, ಉಬ್ಬರವೋ ಇಳಿತವೋ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಪಕ್ಕದಲ್ಲಿ ಅವರು ಹೇಳಿದ ಮಾತು.

ಬೆಂಗಳೂರಿನವರ ಪುಟದಲ್ಲಿ ತುಂಬಾ ದಿನ "ಹಿಂದೆ ಅರ್ಧ, ಮುಂದೆ ಪೂರ್ತಿ, 30, 16 ಮೀ." ಅಂತಲೇ ಇತ್ತು. ಕಳೆದ ವಾರ ನೀರಿಗೆ ಇಳಿಯುವ ಮೊದಲು ಅವರೇ ಕೇಳಿದರು, ಹಿಂದೆ ಸ್ವಲ್ಪ ಜಾಸ್ತಿ ತುಂಬ್ತೀರಾ ಅಂತ. ಮುಕ್ಕಾಲು ತುಂಬಿಸಿದೆ. ಉಳಿದದ್ದನ್ನು ಮುಟ್ಟಲಿಲ್ಲ.