ಟ್ಯಾಂಕಿನಲ್ಲಿ ಏನೋ ಹುಳ ಕಾಣಿಸ್ತಿದೆ, ಏನು ಹಾಕಿ ಸಾಯಿಸ್ಲಿ?

"ಅಕ್ಕಾ, ಲೈಟ್ ಆರಿಸಿದ ಮೇಲೆ ಕಲ್ಲಿನ ಸಂದಿಯಿಂದ ಏನೋ ಹುಳ ಹೊರಗೆ ಬಂತು. ಮೈತುಂಬಾ ಕೂದಲು. ಏನು ಹಾಕಿ ಸಾಯಿಸ್ಲಿ?"

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಇಲ್ಲಿ ಫ್ಲಾರಿಡಾದ ಕನ್ನಡದ ಗೆಳೆಯರು ಕೇಳುತ್ತಾರೆ, ಬೆಂಗಳೂರಿನಿಂದ ಹುಡುಗರು ವಾಟ್ಸಾಪ್ ಮಾಡುತ್ತಾರೆ. ಹುಳದ ಬದಲು ಕೆಲವೊಮ್ಮೆ ಏಡಿ, ಕೆಲವೊಮ್ಮೆ ಹೂವಿನಂಥದ್ದೇನೋ, ಕೆಲವೊಮ್ಮೆ ಬರೀ ಟಕ್ ಟಕ್ ಅನ್ನುವ ಸದ್ದು. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ: ಸದ್ಯಕ್ಕೆ ಏನೂ ಹಾಕಬೇಡಿ. ಅದು ಏನು ಅಂತ ಗೊತ್ತಾಗಲಿ. ಕರೆಯದೆ ಬಂದ ಈ ಜೀವಿಗಳಲ್ಲಿ ಹೆಚ್ಚಿನವು ನೀವು ಮಾಡಬೇಕಾದ ಕೆಲಸವನ್ನೇ ಮಾಡುತ್ತಿರುತ್ತವೆ. ನಿಜವಾಗಿ ತೊಂದರೆ ಕೊಡುವವು ಕೆಲವೇ. ಆ ಕೆಲವಕ್ಕೂ ಒಂದೊಂದಕ್ಕೆ ಒಂದೊಂದು ದಾರಿ.

ಅವು ಬರುವುದು ಹೇಗೆ ಅಂತ ಮೊದಲು ಹೇಳುತ್ತೇನೆ. ಫ್ಲಾರಿಡಾದಲ್ಲಿ ಕಾಡು ಹವಳದ ದಿಬ್ಬಗಳಿಂದ ಲೈವ್ ರಾಕ್, ಅಂದರೆ ಜೀವಿಗಳು ನೆಲೆಸಿದ ಕಲ್ಲನ್ನು, ಕಿತ್ತು ತರುವುದನ್ನು ಹಿಂದೆಯೇ ನಿಲ್ಲಿಸಿದ್ದಾರೆ. ಈಗ ಸಿಗುವುದು ಸಾಕಿದ ಕಲ್ಲು. ಸಮುದ್ರದ ತಳದಲ್ಲಿ ಗುತ್ತಿಗೆಗೆ ಪಡೆದ ಜಾಗಕ್ಕೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿ ಇಳಿಸುತ್ತಾರೆ. ಕಾಲ ಕಳೆದ ಹಾಗೆ ಅದರ ಮೇಲೆ ಸ್ಪಂಜು, ಪಾಚಿ, ಚಿಪ್ಪು, ಹುಳ, ಏಡಿ ಎಲ್ಲ ಬಂದು ನೆಲೆಸುತ್ತವೆ. ಆಮೇಲೆ ಅದನ್ನೇ ಎತ್ತಿ ಮಾರುತ್ತಾರೆ. ನಮಗೆ ಬೇಕಾಗಿರುವುದು ಆ ಕಲ್ಲಿನ ಬ್ಯಾಕ್ಟೀರಿಯಾ. ಮೀನಿನ ಹೇಲಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಅವೇ. ಅವು ಬರುವ ಕಲ್ಲಿನ ತೂತಿನಲ್ಲೇ ಉಳಿದವೂ ಕೂತು ಬರುತ್ತವೆ. ಲೈವ್ ರಾಕ್ ಬೇಡ ಅಂದವರಿಗೂ ಬಿಡುಗಡೆಯಿಲ್ಲ. ಹವಳದ ತುಂಡು ಅಂಟಿಸಿ ಕೊಡುವ ಪುಟ್ಟ ಬಿಲ್ಲೆಯ ಅಡಿಯಲ್ಲಿ ಒಂದು ಮೊಟ್ಟೆಗೊಂಚಲು ಇದ್ದರೆ ಸಾಕು.

ನೋಡಬೇಕಾದ್ದು ರಾತ್ರಿ. ಲೈಟ್ ಆರಿಸಿ ಒಂದೆರಡು ಗಂಟೆ ಬಿಡಿ. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿ ಸದ್ದಿಲ್ಲದೆ ಹತ್ತಿರ ಹೋಗಿ. ಇವುಗಳಲ್ಲಿ ಬಹಳಷ್ಟಕ್ಕೆ ಕೆಂಪು ಬೆಳಕು ಅಷ್ಟಾಗಿ ಕಾಣಿಸುವುದಿಲ್ಲ, ಹಾಗಾಗಿ ಓಡಿ ಅಡಗುವುದಿಲ್ಲ. ಗಾಜಿನ ಮೇಲೆ ಬಿಳಿ ಚುಕ್ಕಿಗಳಂತೆ ಕುಪ್ಪಳಿಸುವವು ಕೋಪೆಪಾಡ್‌ಗಳು, ಮ್ಯಾಂಡರಿನ್ ಮೀನಿಗೆ ಅದೇ ಊಟ. ಕಲ್ಲಿನ ತೂತಿನಿಂದ ಶಾವಿಗೆ ಎಳೆಯಂಥದ್ದು ಮರಳಿನ ಮೇಲೆ ಹರಿದಾಡುತ್ತಿದ್ದರೆ ಸ್ಪಗೆಟ್ಟಿ ವರ್ಮ್, ಉಳಿದ ಚೂರುಪಾರು ಆಯ್ದು ತಿನ್ನುತ್ತದೆ. ತೆಳ್ಳನೆ ಕೈ ಆಡಿಸುವ ಬ್ರಿಟಲ್ ಸ್ಟಾರ್‌ಗಳೂ ಹಾಗೆಯೇ. ಇವುಗಳನ್ನೆಲ್ಲ ದುಡ್ಡು ಕೊಟ್ಟು ತರಿಸುವವರಿದ್ದಾರೆ. ನಿಮಗೆ ಪುಕ್ಕಟೆ ಬಂದಿವೆ, ಬಿಡಿ ಇರಲಿ.

ಈಗ ಆ ಕೂದಲಿನ ಹುಳ. ಇದು ಬ್ರಿಸಲ್ ವರ್ಮ್. ಎಲ್ಲಕ್ಕಿಂತ ಜಾಸ್ತಿ ಬೈಗುಳ ತಿನ್ನುವುದು ಇದೇ, ನನಗೆ ಬೇಜಾರಾಗುವುದೂ ಇದರ ವಿಷಯಕ್ಕೇ. ಟ್ಯಾಂಕಿನಲ್ಲಿ ಒಂದು ಮೀನು ಸಾಯುತ್ತದೆ. ಬೆಳಿಗ್ಗೆ ನೋಡಿದರೆ ಅದರ ಮೇಲೆ ಈ ಹುಳಗಳು ಮುತ್ತಿಕೊಂಡಿರುತ್ತವೆ. ಹುಳವೇ ಮೀನನ್ನು ಕೊಂದಿತು ಅಂತ ತೀರ್ಮಾನ ಆಗಿಹೋಗುತ್ತದೆ. ನಡೆದದ್ದು ಬೇರೆ. ಮೀನು ಏನೋ ಕಾಯಿಲೆಯಿಂದ ಸತ್ತಿದೆ, ಅದು ಕೊಳೆತು ನೀರು ಕೆಡುವ ಮೊದಲು ಹುಳ ತಿಂದು ಮುಗಿಸುತ್ತಿದೆ. ಕಲ್ಲಿನ ಹಿಂದೆ, ನಿಮ್ಮ ಕೈ ಹೋಗದ ಸಂದಿಯಲ್ಲಿ ಬಿದ್ದ ಮೀನಿನ ಊಟವನ್ನು ಹುಡುಕಿ ತಿನ್ನುವುದು ಇದರಷ್ಟು ಚೆನ್ನಾಗಿ ಬೇರೆ ಯಾವುದಕ್ಕೂ ಆಗುವುದಿಲ್ಲ.

ಹುಳ ಲೆಕ್ಕವಿಲ್ಲದಷ್ಟು ಆಗಿವೆ ಅಂದರೆ ನೀವು ಊಟ ಜಾಸ್ತಿ ಹಾಕುತ್ತಿದ್ದೀರಿ. ಊಟ ಕಡಿಮೆ ಮಾಡಿ, ಕೆಲವು ವಾರದಲ್ಲಿ ಅವೂ ಕಡಿಮೆಯಾಗುತ್ತವೆ. ಔಷಧಿ ಹಾಕಿ ಎಲ್ಲವನ್ನೂ ಒಂದೇ ಸಲ ಕೊಂದರೆ ಅಷ್ಟೂ ಹೆಣ ಕಲ್ಲಿನೊಳಗೇ ಕೊಳೆಯುತ್ತದೆ. ಆಗ ಏರುವ ಅಮೋನಿಯಾ ಮೀನನ್ನೂ ತೆಗೆದುಕೊಂಡು ಹೋಗುತ್ತದೆ.

ಆದರೆ ಇದರದೇ ಕುಲದ ಒಂದನ್ನು ಮಾತ್ರ ಉಳಿಸಿಕೊಳ್ಳಬೇಡಿ: ಫೈರ್ ವರ್ಮ್, ಹರ್ಮೊಡೈಸ್ ಕ್ಯಾರಂಕ್ಯುಲೇಟಾ. ಕೆರಿಬಿಯನ್ ಮತ್ತು ಫ್ಲಾರಿಡಾ ಕಡೆಯ ಕಲ್ಲಿನಲ್ಲಿ ಬರಬಹುದು. ಗುರುತು ಹಿಡಿಯುವುದು ಕಷ್ಟವಲ್ಲ. ಮಾಮೂಲಿ ಬ್ರಿಸಲ್ ವರ್ಮ್ ತೆಳ್ಳಗೆ, ನಸುಗೆಂಪಾಗಿ ಇರುತ್ತದೆ. ಬೆಳಕು ಬಿದ್ದ ತಕ್ಷಣ ತೂತಿಗೆ ನುಗ್ಗುತ್ತದೆ. ಫೈರ್ ವರ್ಮ್ ದಪ್ಪ. ಎರಡೂ ಪಕ್ಕಕ್ಕೆ ಹತ್ತಿಯಂಥ ಬಿಳಿ ಕುಚ್ಚು, ಕುಚ್ಚಿನ ಬುಡದಲ್ಲಿ ಕೆಂಪು ಕಿವಿರು, ತಲೆಯ ಮೇಲೆ ಮಡಿಕೆ ಮಡಿಕೆಯಾಗಿ ಎದ್ದ ಮಾಂಸ. ಹಗಲಿನಲ್ಲೂ ಹೆದರಿಕೆಯಿಲ್ಲದೆ ಹವಳದ ಕೊಂಬೆ ಹತ್ತಿ ತುದಿ ತಿನ್ನುತ್ತದೆ. ಅದನ್ನು ಉದ್ದನೆಯ ಚಿಮಟದಲ್ಲಿ ಹಿಡಿದು ತೆಗೆಯಬೇಕು. ಕೈಗೆ ದಪ್ಪ ಗ್ಲೌಸ್ ಇರಲಿ. ಯಾವ ಬ್ರಿಸಲ್ ವರ್ಮ್ ಆದರೂ ಬರಿಗೈಯಲ್ಲಿ ಮುಟ್ಟಬೇಡಿ. ಕೂದಲು ಚರ್ಮಕ್ಕೆ ಚುಚ್ಚಿ ಮುರಿದು ಉರಿ ಕೊಡುತ್ತದೆ. ಚುಚ್ಚಿಕೊಂಡರೆ ಉಜ್ಜಬೇಡಿ, ಸೆಲೋ ಟೇಪ್ ಒತ್ತಿ ಎಳೆದರೆ ಬಹಳಷ್ಟು ಕಿತ್ತು ಬರುತ್ತದೆ.

ನಾನು ಸುಮ್ನೆ ಬಿಡದ ಜೀವಿ ಅಂದರೆ ಐಪ್ಟೇಸಿಯಾ, ಹೂವಿನಂತೆ ಕಾಣುವ ಒಂದು ಸೀ ಅನಿಮೋನ್. ನೋಡಲು ಚೆಂದ. ಕಂದುಬಣ್ಣದ ತೆಳ್ಳನೆ ಕಾಂಡ, ಮೇಲೆ ಗಾಜಿನ ಎಳೆಗಳಂಥ ಬೆರಳುಗಳು. ಮೊದಲ ಸಲ ನೋಡಿದವರು ಪುಕ್ಕಟೆ ಹವಳ ಬಂತು ಅಂತ ಖುಷಿಪಡುತ್ತಾರೆ. ಪಕ್ಕದ ಹವಳ ಸುಟ್ಟಂತಾಗಿ ಮುದುಡಿದಾಗಲೇ ಗೊತ್ತಾಗುವುದು, ಈ ಬೆರಳುಗಳು ಕುಟುಕುತ್ತವೆ ಅಂತ. ಹವಳದ ಹಾಗೆಯೇ ಇದರ ಮೈಯೊಳಗೂ ಪಾಚಿಗಳು ವಾಸಿಸುತ್ತವೆ. ಬೆಳಕೊಂದಿದ್ದರೆ ಹೇಗೋ ಬದುಕಿಬಿಡುತ್ತದೆ. ಹವಳ ಬಿಳಿಚಿಕೊಳ್ಳುವುದು ಯಾಕೆ ಅಂತ ಓದುವ ವಿಜ್ಞಾನಿಗಳು ಲ್ಯಾಬ್‌ನಲ್ಲಿ ಇದನ್ನೇ ಸಾಕುತ್ತಾರೆ. ಅಷ್ಟು ಸುಲಭವಾಗಿ ಬೆಳೆಯುತ್ತದೆ, ನಮ್ಮ ಕಷ್ಟವೂ ಅದೇ.

ಇದನ್ನು ಕೆರೆದು ತೆಗೆಯಲು ಹೋಗಬೇಡಿ. ಪಾದದ ಒಂದು ಚೂರು ಕಲ್ಲಿಗೆ ಅಂಟಿಕೊಂಡಿದ್ದರೂ ಅದರಿಂದ ಹೊಸತು ಹುಟ್ಟುತ್ತದೆ. ಕೆರೆದವರ ಟ್ಯಾಂಕಿನಲ್ಲಿ ಒಂದಿದ್ದದ್ದು ಹತ್ತಾಗುತ್ತದೆ. ನಾನು ಬಳಸುವುದು ಕಾಲ್ಕ್‌ವಾಸರ್ ಪುಡಿ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣವೇ. ಹಾಗಂತ ಎಲೆಅಡಿಕೆ ಡಬ್ಬಿಯ ಸುಣ್ಣ ಹಾಕಬೇಡಿ, ಅದರಲ್ಲಿ ಇನ್ನೇನು ಬೆರೆಸಿರುತ್ತಾರೋ. ಅಕ್ವೇರಿಯಂಗೆ ಅಂತ ಮಾರುವ ಶುದ್ಧ ಪುಡಿಯನ್ನೇ ತನ್ನಿ. ಸ್ವಲ್ಪ ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಸಿರಿಂಜಿನಲ್ಲಿ ಎಳೆದುಕೊಳ್ಳಿ. ಕಣ್ಣಿಗೆ ಹಾರಿದರೆ ಸುಡುತ್ತದೆ, ಕನ್ನಡಕ ಹಾಕಿಕೊಳ್ಳಿ. ಟ್ಯಾಂಕಿನ ಪಂಪುಗಳನ್ನೆಲ್ಲ ನಿಲ್ಲಿಸಿ. ಸಿರಿಂಜಿನ ತುದಿಯನ್ನು ನಿಧಾನವಾಗಿ, ಮೇಲಿನಿಂದ, ಅದರ ನಡುವಿನ ಬಾಯಿಯ ಹತ್ತಿರ ತನ್ನಿ. ನೀರು ಅಲುಗಿದರೆ ಸಾಕು, ಸರಕ್ಕನೆ ತೂತಿನೊಳಗೆ ಎಳೆದುಕೊಳ್ಳುತ್ತದೆ. ಬಾಯಿಯ ಮೇಲೆ ಬಿಳಿ ಮುದ್ದೆ ಬಿಡಿ. ಅದು ಕುಗ್ಗುತ್ತದೆ, ಕುಗ್ಗಿದ ತೂತನ್ನೂ ಸುಣ್ಣದಿಂದಲೇ ಮುಚ್ಚಿ. ಹದಿನೈದು ನಿಮಿಷ ಕಳೆದ ಮೇಲೆ ಪಂಪು ಹಾಕಿ. ಒಂದೇ ದಿನ ಎಲ್ಲವನ್ನೂ ಮುಗಿಸುವ ಅವಸರ ಬೇಡ. ಸುಣ್ಣ ಜಾಸ್ತಿಯಾದರೆ ನೀರಿನ ಪಿಎಚ್ ಏರುತ್ತದೆ, ಆಗ ಹವಳಕ್ಕೂ ಪೆಟ್ಟು.

ಟ್ಯಾಂಕ್ ತುಂಬಾ ಹಬ್ಬಿಬಿಟ್ಟಿದ್ದರೆ ಸಿರಿಂಜ್ ಸಾಲುವುದಿಲ್ಲ, ತಿನ್ನುವ ಜೀವಿಯೇ ಬೇಕು. ಫ್ಲಾರಿಡಾದ ಪೆಪ್ಪರ್‌ಮಿಂಟ್ ಸೀಗಡಿ ಚಿಕ್ಕ ಐಪ್ಟೇಸಿಯಾಗಳನ್ನು ತಿನ್ನುತ್ತದೆ. ಕೊಳ್ಳುವಾಗ ಸರಿಯಾಗಿ ನೋಡಿ. ಅದೇ ಹೆಸರಿನಲ್ಲಿ ಕೆಲವೊಮ್ಮೆ ಕ್ಯಾಮಲ್ ಶ್ರಿಂಪ್ ಕೊಟ್ಟುಬಿಡುತ್ತಾರೆ, ಅದು ನಿಮ್ಮ ಹವಳವನ್ನೇ ಕಿತ್ತು ತಿನ್ನುತ್ತದೆ. ಬೆನ್ನು ಗೂನಾಗಿ, ಮೈಮೇಲೆ ಬಿಳಿ ಗೆರೆಗಳು ಎದ್ದು ಕಂಡರೆ ಬೇಡ ಅನ್ನಿ. ಬರ್ಗಿಯಾ ಅನ್ನುವ ಪುಟ್ಟ ಸಮುದ್ರದ ಗೊಂಡೆಹುಳು ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಅದು. ಆದರೆ ಐಪ್ಟೇಸಿಯಾ ಮುಗಿದ ದಿನ ಅದಕ್ಕೆ ಉಪವಾಸ. ಹಾಗಾಗಿ ಮುಗಿಯುವ ಹೊತ್ತಿಗೆ ಬೇಕಾದವರಿಗೆ ದಾಟಿಸಿಬಿಡಿ. ಇದಕ್ಕೋಸ್ಕರ ಕಾಪರ್‌ಬ್ಯಾಂಡ್ ಚಿಟ್ಟೆಮೀನು ತರುವವರಿದ್ದಾರೆ. ಊಟ ಹಿಡಿಯದೆ ಸೊರಗಿ ಸಾಯುವ ಮೀನು ಅದು, ಬರೀ ಈ ಕೆಲಸಕ್ಕೆ ಅಂತ ತರುವುದು ನನಗೆ ಸರಿ ಅನ್ನಿಸುವುದಿಲ್ಲ.

ಇನ್ನು ಟಕ್ ಟಕ್ ಸದ್ದು. ಅದು ಪಿಸ್ಟಲ್ ಶ್ರಿಂಪ್ ಆಗಿರಬಹುದು, ಮ್ಯಾಂಟಿಸ್ ಶ್ರಿಂಪ್ ಕೂಡ ಆಗಿರಬಹುದು. ಮೊದಲನೆಯದು ಸಾಮಾನ್ಯವಾಗಿ ಪಾಪದ್ದು. ಎಷ್ಟೋ ಜಾತಿಗಳು ಗೋಬಿ ಮೀನಿನ ಜೊತೆ ಒಂದೇ ಬಿಲದಲ್ಲಿ ಸಂಸಾರ ಮಾಡುತ್ತವೆ. ಎರಡನೆಯದರ ಹೊಡೆತ ಬೇರೆ. 2004ರಲ್ಲಿ ವಿಜ್ಞಾನಿ ಶೀಲಾ ಪಟೆಕ್ ಮತ್ತು ಜೊತೆಗಾರರು ಪೀಕಾಕ್ ಮ್ಯಾಂಟಿಸ್ ಶ್ರಿಂಪ್‌ನ ಹೊಡೆತ ಅಳೆದಾಗ ವೇಗ ಸೆಕೆಂಡಿಗೆ 23 ಮೀಟರ್ ವರೆಗೆ ಹೋಗಿತ್ತು. ಗಲ್ಫ್ ಆಫ್ ಮೆಕ್ಸಿಕೊ ಕಲ್ಲಿನಲ್ಲಿ ಬರುವುದು ಇದರ ಚಿಕ್ಕ ನೆಂಟ, ಬೆರಳುದ್ದವೂ ಇರದು. ಆದರೂ ಬಸವನಹುಳು, ಏಡಿಗಳ ಚಿಪ್ಪು ಒಡೆದು ತಿನ್ನುತ್ತದೆ. ಬೆಳಿಗ್ಗೆ ಒಂದೊಂದೇ ಒಡೆದ ಚಿಪ್ಪು ಸಿಗುತ್ತಿದ್ದರೆ ಇದೇ ಅಂದುಕೊಳ್ಳಿ.

ಯಾವ ಕಲ್ಲಿನಿಂದ ಸದ್ದು ಬರುತ್ತಿದೆ ಅಂತ ಪತ್ತೆ ಮಾಡಿ, ಆ ಕಲ್ಲನ್ನು ಹೊರಗೆ ತೆಗೆಯಿರಿ. ಟ್ಯಾಂಕಿನ ನೀರಿನ ಸಾಪೇಕ್ಷ ಸಾಂದ್ರತೆ (ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ) 1.025 ಇದ್ದರೆ, ಬಕೆಟ್ಟಿನಲ್ಲಿ 1.035ರಿಂದ 1.040 ಬರುವಷ್ಟು ಉಪ್ಪು ಕರಗಿಸಿ. ಕಲ್ಲನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ. ಒಳಗಿದ್ದವು ತಡೆಯಲಾರದೆ ಹೊರಗೆ ಜಿಗಿಯುತ್ತವೆ. ಏಡಿಗಳನ್ನು ಹೊರಡಿಸಲೂ ಇದೇ ಉಪಾಯ. ಸಿಕ್ಕ ಮ್ಯಾಂಟಿಸ್ ಶ್ರಿಂಪನ್ನು ದಯವಿಟ್ಟು ಕೊಲ್ಲಬೇಡಿ. ಪುಟ್ಟ ಟ್ಯಾಂಕ್, ಒಂದು ಕಲ್ಲು, ವಾರಕ್ಕೆರಡು ಬಸವನಹುಳು ಇದ್ದರೆ ಬದುಕುತ್ತದೆ. ತಿರುಗುವ ಕಣ್ಣುಗಳಲ್ಲಿ ನಿಮ್ಮನ್ನೇ ನೋಡುತ್ತಾ ಕೂರುವ ಜೀವಿ ಅದು, ಇಷ್ಟಪಟ್ಟು ಸಾಕುವವರು ಬೇಕಾದಷ್ಟಿದ್ದಾರೆ.

ಏಡಿಗಳಲ್ಲಿ ಕೂದಲು ತುಂಬಿದ ಕಾಲು, ಕಪ್ಪು ತುದಿಯ ದಪ್ಪ ಚಿಮಟ ಇರುವವನ್ನು ಸಂಪ್‌ಗೆ, ಅಂದರೆ ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಗೆ, ಹಾಕಿಬಿಡಿ. ಆದರೆ ಪೊಸಿಲೊಪೊರ ಹವಳದ ಕೊಂಬೆಗಳ ನಡುವೆ ಪುಟ್ಟ ನುಣುಪಾದ ಏಡಿ ಕೂತಿದ್ದರೆ ಮುಟ್ಟಬೇಡಿ. ಅದು ಟ್ರಪೀಜಿಯ. ಸಮುದ್ರದಲ್ಲಿ ಹವಳ ತಿನ್ನಲು ಬರುವ ಮುಳ್ಳಿನ ನಕ್ಷತ್ರಮೀನನ್ನೇ ಚಿವುಟಿ ಓಡಿಸುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ತಲೆಕೆಟ್ಟು "ಕಲ್ಲನ್ನೇ ಕುದಿಸಿಬಿಡ್ತೀನಿ" ಅನ್ನುವವರು ಇದ್ದಾರೆ. ಬೇಡವೇ ಬೇಡ. ಕಲ್ಲಿನ ಮೇಲೆ ಹವಳದ ನೆಂಟನಾದ ಪ್ಯಾಲಿಥೋವ ಇದ್ದರೆ ಅದರ ಪ್ಯಾಲಿಟಾಕ್ಸಿನ್ ವಿಷ ಆವಿಯ ಜೊತೆ ಮನೆಯೆಲ್ಲ ಹರಡುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಅಕ್ವೇರಿಯಂ ಹವಳದ ಈ ವಿಷದಿಂದ ಒಂದು ಮನೆಯವರೆಲ್ಲ ಆಸ್ಪತ್ರೆ ಸೇರಿದರು, ಬಂದ ಅಗ್ನಿಶಾಮಕದವರೂ ಸೇರಬೇಕಾಯಿತು. ಕುದಿಸುವುದು, ಬಿಸಿನೀರು ಸುರಿಯುವುದು, ಒಣ ಬ್ರಷ್ಷಿನಲ್ಲಿ ಉಜ್ಜುವುದು ಯಾವುದೂ ಬೇಡ. ತಾಮ್ರದ ಔಷಧಿಯೂ ಬೇಡ. ಸೀಗಡಿ, ಹವಳ ಎಲ್ಲ ಸಾಯುತ್ತವೆ, ಕಲ್ಲು ಹೀರಿಕೊಂಡ ತಾಮ್ರ ಬಹಳ ಕಾಲ ಕಾಡುತ್ತದೆ.

ಬೆಂಗಳೂರಿನಿಂದ ಕೇಳುವವರಿಗೆ ಬೇರೆಯಾಗಿ ಒಂದು ವಿಷಯ. ಭಾರತದಲ್ಲಿ 2001ರಿಂದ ಗಟ್ಟಿ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಮನ್ನಾರ್ ಕೊಲ್ಲಿಯದು, ಅಂಡಮಾನಿನದು ಅಂತ ಯಾರಾದರೂ ಹವಳದ ಕಲ್ಲು ತಂದುಕೊಟ್ಟರೆ ತೆಗೆದುಕೊಳ್ಳಬೇಡಿ. ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಮುಳುಗಿ ನೋಡಿದವರಿಗೆ ಆ ಹವಳ ಅಲ್ಲೇ ಇರಬೇಕು ಅಂತ ಹೇಳಬೇಕಾಗಿಲ್ಲ. ಒಣ ಕಲ್ಲಿನಿಂದ ಶುರು ಮಾಡಿ, ಬಾಟಲಿಯ ಬ್ಯಾಕ್ಟೀರಿಯಾ ಹಾಕಿ. ನಿಧಾನವಾಗುತ್ತದೆ, ಆದರೆ ಕರೆಯದವರೂ ಕಡಿಮೆ.

ಹೊಸದಾಗಿ ಏನೇ ತಂದರೂ ಬೇರೆ ಚಿಕ್ಕ ಟ್ಯಾಂಕಿನಲ್ಲಿ ಕೆಲವು ವಾರ ಇಡಿ. ಹವಳದ ಬಿಲ್ಲೆಯನ್ನು ಕತ್ತರಿಸಿ ಬಿಸಾಡಿ, ತುಂಡನ್ನು ಹೊಸದಕ್ಕೆ ಅಂಟಿಸಿ. ಔಷಧಿ ನೀರಿನಲ್ಲಿ ಅದ್ದಿದರೆ ಹವಳಕ್ಕೆ ಅಂಟಿ ಬರುವ ಚಪ್ಪಟೆಹುಳಗಳು ಉದುರುತ್ತವೆ, ಆದರೆ ಮೊಟ್ಟೆ ಸಾಯುವುದಿಲ್ಲ. ಅದಕ್ಕೇ ವಾರ ಬಿಟ್ಟು ಮತ್ತೆ ಅದ್ದಬೇಕು, ಮೊಟ್ಟೆಯೊಡೆದು ಬಂದವು ದೊಡ್ಡವಾಗಿ ಮತ್ತೆ ಮೊಟ್ಟೆಯಿಡುವ ಮೊದಲೇ.

ತೆಗೆದದ್ದನ್ನು ಎಲ್ಲಿ ಹಾಕುವುದು ಅನ್ನುವುದೂ ಮುಖ್ಯ. ಸಮುದ್ರಕ್ಕೂ ಬೇಡ, ಕೆರೆಗೂ ಬೇಡ. ನಾನಿರುವ ಕಡಲತೀರದಲ್ಲಿ ಇಂದು ಲಯನ್‌ಫಿಶ್ ತುಂಬಿಹೋಗಿದೆ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಈ ಮೀನು ಫ್ಲಾರಿಡಾದಲ್ಲಿ ಮೊದಲು ಕಂಡದ್ದು 1985ರಲ್ಲಿ. ಅಕ್ವೇರಿಯಂನವರು ಬಿಟ್ಟದ್ದರಿಂದಲೇ ಬಂತು ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ 2000ದಲ್ಲಿ ಕಾಲರ್ಪ ಪಾಚಿ ಸಿಕ್ಕಿತು, ಪೂರ್ತಿ ತೆಗೆಯುವ ಹೊತ್ತಿಗೆ 2006. ನಮ್ಮ ಕಲ್ಲಿನ ಮೇಲೆ ಬರುವುದೂ ಅದೇ ಗುಂಪಿನ ಪಾಚಿ. ಬೇಡವಾದ ಪಾಚಿ, ಸತ್ತ ಹುಳ ಎರಡನ್ನೂ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ, ಆಮೇಲೆ ಕಸಕ್ಕೆ ಹಾಕಿ. ಕಲ್ಲು ಅದ್ದಿದ ನೀರಿಗೆ ಬ್ಲೀಚ್ ಹಾಕಿ, ಒಂದು ದಿನ ಬಿಟ್ಟು ಸಿಂಕಿಗೆ ಸುರಿಯಿರಿ.